ಅಣ್ಣನ ಕಿವಿ

ನಾನು ಓದಿದ್ದು ಎಂಟನೇ ಕ್ಲಾಸಿನವರೆಗೆ. ಬರೆದು ರೂಢಿಯಿಲ್ಲ. ಅದಕ್ಕೇ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಣ್ಣ ದೊಡ್ಡಬಳ್ಳಾಪುರದಲ್ಲಿ ಹಳೇ ಜಪಾನ್ ಬೈಕುಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಅದು ಮುಚ್ಚಿಹೋಗಿದ್ದು ನನ್ನಿಂದ. ಅವನು ಮಾತ್ರ ತನ್ನ ಕೈತಪ್ಪಿನಿಂದಲೇ ಹೀಗಾಯಿತೆಂದು ನಾಲ್ಕು ವರ್ಷ ನಂಬಿಕೊಂಡಿದ್ದ. ಅದೇ ಮನೆಯಲ್ಲಿ ನಾನು ಅವನಿಗೆ ಮುದ್ದೆ ಬಡಿಸಿಕೊಂಡು ಸುಮ್ಮನಿದ್ದೆ.

ನಮ್ಮದು ಮಗ್ಗದ ಮನೆ. ಅಪ್ಪ ಇದ್ದಾಗ ನಡುಮನೆಯಲ್ಲೇ ಎರಡು ಪವರ್‌ಲೂಮ್ ಓಡುತ್ತಿದ್ದವು. ಅಪ್ಪ ಹೋದ ಮೇಲೆ ಒಂದನ್ನು ಮಾರಿ, ಬೀದಿ ಕಡೆಯ ಜಾಗಕ್ಕೆ ತಗಡು ಹೊದಿಸಿ ಅಣ್ಣ ಅಂಗಡಿ ಮಾಡಿಕೊಂಡ. ಉಳಿದ ಮಗ್ಗವನ್ನು ಅಮ್ಮ ನೋಡಿಕೊಳ್ಳುತ್ತಿದ್ದಳು. ನಾನು ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ಹೋಗುವ ಮುಂಚೆ ಮಗ್ಗಕ್ಕೆ ಎಣ್ಣೆ ಬಿಡುವುದು ಚಿಕ್ಕಂದಿನಿಂದಲೂ ನನ್ನ ಕೆಲಸ. ಎಣ್ಣೆ ಕಾಣದ ಕಬ್ಬಿಣ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಅಣ್ಣನ ಕಿವಿ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಹೊರಗೆ ಕೂತು ತಿಂಡಿ ತಿನ್ನುತ್ತಲೇ, "ಅಮ್ಮಾ, ಎಡಗಡೆ ಬೆಲ್ಟು ನೋಡು, ಜಾರ್ತಾ ಇದೆ" ಎನ್ನುತ್ತಿದ್ದ. ಎದ್ದು ಹೋಗಿ ನೋಡಿದರೆ ಜಾರುತ್ತಲೇ ಇರುತ್ತಿತ್ತು. ಬೈಕಿಗೂ ಅಷ್ಟೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಬಿಚ್ಚದೆಯೇ ಒಳಗಿನ ಕಾಯಿಲೆ ಹೇಳುತ್ತಿದ್ದ. ಯಲಹಂಕ, ದೇವನಹಳ್ಳಿ ಕಡೆಯಿಂದೆಲ್ಲ ಜನ ಗಾಡಿ ತರುತ್ತಿದ್ದುದು ಆ ಕಿವಿಯನ್ನು ನಂಬಿ.

ಹಾಗೆ ಬಂದದ್ದೇ ದಾಬಸ್‌ಪೇಟೆಯ ಯಜಮಾನರೊಬ್ಬರ ಆರ್‌ಎಕ್ಸ್ ಹಂಡ್ರೆಡ್ ಬೈಕು. ಅವರು ಮದುವೆಯಾದ ವರ್ಷ ಹೊಸದಾಗಿ ಕೊಂಡಿದ್ದ ಗಾಡಿ. ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಕೆಳಗೆ ಎಷ್ಟೋ ವರ್ಷ ಬಿದ್ದಿತ್ತು. ಇಂಜಿನ್ನಿನಲ್ಲಿ ಪಿಸ್ಟನ್ ಆಡುವ ಬ್ಲಾಕಿನ ಮೇಲೆ ಜಪಾನ್ ಎಂದು ಉಬ್ಬಿದ ಅಕ್ಷರ ಕಂಡ ದಿನ ಅಣ್ಣ ಅಮ್ಮನನ್ನು ಕರೆದು ತೋರಿಸಿದ. ಅಮ್ಮ, "ಅದನ್ನೇನು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡ್ಲಾ?" ಎಂದಳು. ಹಲ್ಲುಜ್ಜುವ ಬ್ರಷ್ಷಿನಲ್ಲಿ ಆ ಅಕ್ಷರದ ಸಂದಿಯನ್ನು ಉಜ್ಜುತ್ತಾ ಅವನು ಒಂದು ಮಧ್ಯಾಹ್ನವಿಡೀ ಕಳೆದ. ತುಕ್ಕು ಹಿಡಿದ ಟ್ಯಾಂಕಿನೊಳಗೆ ನಟ್ಟು ಬೋಲ್ಟು ತುಂಬಿ ಕುಲುಕಲು ಒಂದು ಕಡೆ ಅವನು, ಇನ್ನೊಂದು ಕಡೆ ನಾನು. ಎಂಟು ತಿಂಗಳು ಹಿಡಿಯಿತು.

ಆ ಬ್ಲಾಕಿನ ಒಳಗೋಡೆ ಸವೆದಿತ್ತು. ಹಾಗೆ ಸವೆದಾಗ ಲೇತಿನಲ್ಲಿ ಕೊರೆಸಿ ಅಗಲ ಮಾಡಿ, ದೊಡ್ಡ ಪಿಸ್ಟನ್ ಹಾಕುತ್ತಾರೆ. ಅದಕ್ಕೆ ಬೋರ್ ಮಾಡಿಸುವುದು ಎನ್ನುತ್ತಾರೆ. ಎಷ್ಟು ಸಲ ಬೇಕಾದರೂ ಮಾಡಿಸಲಾಗುವುದಿಲ್ಲ. ಈ ಬ್ಲಾಕಿಗೆ ಇದೇ ಕೊನೆಯ ಸಲ ಎಂದು ಅಣ್ಣ ಹೇಳಿದ್ದ. ಪಿಸ್ಟನ್ನಿಗೂ ಗೋಡೆಗೂ ನಡುವೆ ಎಷ್ಟು ಸಂದು ಬಿಡಬೇಕೆಂದು ಅವನೇ ಅಳೆದು, ಚೀಟಿಯಲ್ಲಿ ಬರೆದು ಲೇತಿನವರಿಗೆ ಕೊಟ್ಟಿದ್ದ. ಸಂದು ಕಮ್ಮಿಯಾದರೆ ಬಿಸಿಗೆ ಪಿಸ್ಟನ್ ಉಬ್ಬಿ ಗೋಡೆಗೆ ಕಚ್ಚಿಕೊಳ್ಳುತ್ತದೆ.

ಇನ್ನೊಂದು ವಿಷಯ ಹೇಳಬೇಕು, ಏಕೆಂದರೆ ನನ್ನ ತಪ್ಪು ಇರುವುದು ಅದರಲ್ಲೇ. ಈ ಗಾಡಿಗಳಲ್ಲಿ ಪೆಟ್ರೋಲಿನ ಜೊತೆ ಆಯಿಲ್ಲೂ ಇಂಜಿನ್ನಿಗೆ ಹೋಗಬೇಕು. ಆಯಿಲ್ಲಿಗೆ ಬೇರೆ ಡಬ್ಬಿ, ಅದನ್ನು ಒಳಗೆ ಕಳಿಸಲು ಒಂದು ಪುಟ್ಟ ಪಂಪು. ಯಜಮಾನರ ಗಾಡಿಯಲ್ಲಿ ಆ ಪಂಪಿನ ಹಲ್ಲು ಸವೆದಿತ್ತು. ಬೇರೆ ಸಿಗುವವರೆಗೆ ಇರಲಿ ಎಂದು ಅಣ್ಣ ಪಂಪಿನ ಬಾಯಿ ಮುಚ್ಚಿ, ಪೆಟ್ರೋಲಿಗೇ ಅಳತೆಯಂತೆ ಆಯಿಲ್ ಬೆರೆಸಿ ಹಾಕುತ್ತಿದ್ದ. ಡಬ್ಬಿಯಲ್ಲಿದ್ದ ಆಯಿಲ್ ಹಾಗೇ ಇತ್ತು. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆ ಎನ್ನಿಸುತ್ತಿತ್ತು.

ಒಂದು ಭಾನುವಾರ ಅವನು ಸ್ಪೇರ್ ಪಾರ್ಟ್ಸ್ ಹುಡುಕಲು ಬೆಳಿಗ್ಗೆಯ ರೈಲಿಗೆ ಬೆಂಗಳೂರಿಗೆ ಹೋದ. ಅಮ್ಮ ಸಂಬಂಧಿಕರ ಮನೆಗೆ ಹೋಗಿದ್ದಳು. ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮಿಷನ್ನಿನಲ್ಲಿದ್ದ ಗೆಳತಿ ಮದುವೆಯಾಗಿ ದಾಬಸ್‌ಪೇಟೆಗೆ ಹೋಗಿದ್ದಳು. ಫೋನ್ ಮಾಡಿದಾಗಲೆಲ್ಲ ಕೆಣಕುತ್ತಿದ್ದಳು. "ಅಣ್ಣ ಮೆಕ್ಯಾನಿಕ್ಕು, ತಂಗಿ ಮಾತ್ರ ಕಂಪ್ನಿ ಬಸ್ಸಿಗೆ ಓಡ್ತಾಳೆ. ಗೇರ್ ಗಾಡಿ ಬರುತ್ತೆ ಅಂತ ಬರೀ ಬಾಯ್ಮಾತು ಕಣೇ ನಿಂದು." ಗಾಡಿ ಬಿಡುವುದನ್ನು ಅಣ್ಣನೇ ಹೇಳಿಕೊಟ್ಟಿದ್ದ. ಆದರೆ ಗಿರಾಕಿಗಳ ಗಾಡಿ ಮುಟ್ಟಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದ. ಅವತ್ತು ಬೀಗದ ಕೈ ಮೊಳೆಗೆ ನೇತಾಡುತ್ತಿತ್ತು. ಅಷ್ಟೇ ಸಾಕಾಯಿತು. ಯಾರಿಗೂ ಹುಷಾರು ತಪ್ಪಿರಲಿಲ್ಲ, ಯಾವ ಅವಸರವೂ ಇರಲಿಲ್ಲ. ಗೆಳತಿಯ ಮನೆ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು ಎನ್ನುವ ಆಸೆ, ಬೇರೇನಿಲ್ಲ.

ಪಂಪು ಮುಚ್ಚಿದ್ದು ನನಗಾಗ ಗೊತ್ತಿರಲಿಲ್ಲ. ಹೊರಡುವ ಮುಂಚೆ ಆಯಿಲ್ ಡಬ್ಬಿ ಬಗ್ಗಿ ನೋಡಿದೆ. ಇತ್ತು. ಊರಾಚೆ ಬಂಕಿನಲ್ಲಿ ಎರಡು ಲೀಟರ್ ಬರೀ ಪೆಟ್ರೋಲ್ ಹಾಕಿಸಿದೆ. ಲಾರಿಗಳ ನಡುವೆ ಗಾಡಿ ಎಷ್ಟು ಚೆನ್ನಾಗಿ ಓಡಿತೆಂದರೆ ನಾನು ಒಬ್ಬಳೇ ನಗುತ್ತಿದ್ದೆ. ಅರ್ಧ ದಾರಿ ದಾಟಿರಬೇಕು, ಇದ್ದಕ್ಕಿದ್ದಂತೆ ಇಂಜಿನ್ ಕಿರ್ರೆಂದು ಹಿಂದಿನ ಚಕ್ರ ಕಚ್ಚಿಕೊಂಡಿತು. ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ರಸ್ತೆ ಪಕ್ಕದ ಹೊಂಗೆ ಮರದ ಕೆಳಗೆ ತಳ್ಳಿಕೊಂಡು ಹೋಗಿ ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಒದ್ದರೆ ಸ್ಟಾರ್ಟ್ ಆಯಿತು. ಬದುಕಿದೆ ಎಂದುಕೊಂಡು ಹಾಗೇ ನಿಧಾನವಾಗಿ ಮನೆಗೆ ತಂದೆ.

ಇಲ್ಲಿಯವರೆಗಿನದ್ದನ್ನು ತಿಳಿಯದೆ ಮಾಡಿದ್ದು ಎನ್ನಬಹುದು. ಮುಂದಿನದ್ದನ್ನು ತಿಳಿದೇ ಮಾಡಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಮೊದಲಿಗಿಂತ ಹೆಚ್ಚಿದೆ ಎಂದು ಪೈಪು ಹಾಕಿ ಬಾಟಲಿಗೆ ಬಿಟ್ಟುಕೊಂಡೆ. ಅದರಲ್ಲಿ ಮಗ್ಗದ ಜಿಡ್ಡು ಒರೆಸಿದೆ. ಟೈರಿನ ಮಣ್ಣು ಕೆರೆದೆ. ಹ್ಯಾಂಡಲ್ ಯಾವ ಕಡೆ ತಿರುಗಿತ್ತೋ ಅದೇ ಕಡೆ ತಿರುಗಿಸಿ ನಿಲ್ಲಿಸಿದೆ. ಮೀಟರಿಗೆ ಕೇಬಲ್ ಇನ್ನೂ ಹಾಕಿರಲಿಲ್ಲ, ಹಾಗಾಗಿ ಎಷ್ಟು ಓಡಿದೆ ಎಂದು ತೋರಿಸುವಂಥದ್ದು ಏನೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅಣ್ಣ ಗಾಡಿ ಸ್ಟಾರ್ಟ್ ಮಾಡಿದವನು ಹಾಗೇ ನಿಂತ. ಸ್ಕ್ರೂಡ್ರೈವರ್ ತಂದು ಕಿವಿಗೆ ಇಟ್ಟುಕೊಂಡ. ನಾನು ಫ್ಯಾಕ್ಟರಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ.

"ಬೇರೆ ಥರ ಕೇಳ್ತಾ ಇದೆ ಕಣೇ. ಒಳಗೆ ಎಲ್ಲೋ ಗೀರ್ದಂಗೆ."

"ನಂಗೇನೂ ಗೊತ್ತಾಗ್ತಿಲ್ಲಪ್ಪ."

"ನಿನ್ನೆ ಯಾರಾದ್ರೂ ಮುಟ್ಟಿದ್ರಾ ಗಾಡೀನ?"

"ಇಲ್ವಲ್ಲ."

"ನೀನು?"

"ನಾನ್ಯಾಕ್ ಮುಟ್ಲಿ? ಬೆಳಿಗ್ಗೆಯಿಂದ ಬಟ್ಟೆ ಒಗೆಯೋದೇ ಆಯ್ತು."

ಅವನು ಮತ್ತೆ ಕಿವಿ ಇಟ್ಟ. ಅವನು ಹಾಗೆ ಕೇಳುತ್ತಾ ನಿಂತದ್ದು ನನಗೆ ತಡೆಯಲಾಗಲಿಲ್ಲ. "ಮಗ್ಗದ ಸದ್ದಲ್ಲೇ ಹುಟ್ಟಿ ಬೆಳ್ದಿದೀಯಲ್ಲ, ಕಿವಿ ಕೈ ಕೊಡ್ತಾ ಇರ್ಬೇಕು ತಗೋ" ಎಂದೆ. ನಕ್ಕೆ. ಅವನೂ ನಕ್ಕ. "ಇರ್ಬೋದು ಕಣೇ" ಎಂದು ಸ್ಕ್ರೂಡ್ರೈವರ್ ಇಟ್ಟುಬಿಟ್ಟ.

ಆ ವಾರವೇ ಯಜಮಾನರು ಬಂದರು. ಅಣ್ಣ ಕೇಬಲ್ ಹಾಕಿ, ಟ್ಯಾಂಕಿಗೆ ತಾನೇ ಬೆರೆಸಿದ ಪೆಟ್ರೋಲ್ ತುಂಬಿಸಿ, ಕೊಟ್ಟು ಕಳಿಸಿದ. ಅವರು ತಾವೇ ಓಡಿಸಿಕೊಂಡು ಹೋದರು. ಮನೆ ಮುಟ್ಟುವ ಮೊದಲೇ ಇಂಜಿನ್ ಕಚ್ಚಿಕೊಂಡು ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ಅಣ್ಣ ಗಾಡಿಯನ್ನು ಲಗೇಜ್ ಆಟೋದಲ್ಲಿ ತಂದು ಬಿಚ್ಚಿದ. ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು. ಬ್ಲಾಕಿನ ಒಳಗೂ ಅದೇ ಗೀರು. "ಸಂದು ಕಮ್ಮಿ ಬಿಟ್ಬಿಟ್ಟಿದೀನಿ. ಅಳತೆ ತಪ್ಪಿದೀನಿ" ಎಂದ. ಆಮೇಲೆ, "ಕಿವಿಗೆ ಬಿದ್ದಿತ್ತು. ಆದ್ರೂ ಕೊಟ್ಟು ಕಳಿಸ್ದೆ ನೋಡು" ಎಂದ. ಹೇಳಬೇಕಾದ ಕ್ಷಣ ಅದೇ. ನಾನು, "ಕಾಫಿ ಆರೋಗತ್ತೆ" ಎಂದೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲು ಬೈಗುಳದ ಭಯ. ಯಜಮಾನರ ಕೈ ಮುರಿದ ಮೇಲೆ ಬೇರೆ ಭಯ. ಆಮೇಲೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದರೆ ಏನು ಹೇಳಲಿ ಎನ್ನುವ ಭಯ. ಒಳ್ಳೆಯ ಕಾರಣ ಒಂದೂ ಇಲ್ಲ.

ಅಣ್ಣ ಆಸ್ಪತ್ರೆಗೆ ಹೋಗಿ ತಪ್ಪು ತನ್ನದೆಂದು ಕೈಮುಗಿದು ಬಂದ. ಜಪಾನ್ ಬ್ಲಾಕು ಕೆಲಸಕ್ಕೆ ಬಾರದಂತಾಯಿತು. ಮಾತು ಹರಡಿತು, ಗಾಡಿಗಳು ಬರುವುದು ಕಡಿಮೆಯಾಯಿತು. ಬಂದವನ್ನೂ ಅವನು ನಾಲ್ಕು ನಾಲ್ಕು ಸಲ ಬಿಚ್ಚಿ ಅಳೆಯುತ್ತಿದ್ದ, ಕೊಡಲು ಹೆದರುತ್ತಿದ್ದ. ವರ್ಷ ತುಂಬುವ ಮೊದಲೇ ಅಂಗಡಿ ಮುಚ್ಚಿ ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕೆ ಸೇರಿದ. ಡಬ್ಬಗಳಿಗೆ ಮುಚ್ಚಳ ಹಾಕುವ ಮಿಷನ್ನಿನ ಮುಂದೆ ನಿಲ್ಲುವ ಕೆಲಸ. ಅವನ ಉಗುರುಗಳು ಬೆಳ್ಳಗಾದವು. ಮೊದಲೆಲ್ಲ ಬೀದಿಯಲ್ಲಿ ಆರ್‌ಎಕ್ಸ್ ಹೋದರೆ ತುತ್ತು ಕೈಯಲ್ಲೇ ನಿಲ್ಲಿಸಿ ಕೇಳುತ್ತಿದ್ದವನು ಈಗ ಟೀವಿ ಸೌಂಡ್ ಜಾಸ್ತಿ ಮಾಡುತ್ತಿದ್ದ.

ಹೋದ ವರ್ಷ ಹೊಸಕೋಟೆಯಿಂದ ಒಬ್ಬರು ಹಳೇ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ಯಾರೋ ಅಣ್ಣನ ವಿಳಾಸ ಕೊಟ್ಟಿದ್ದರಂತೆ. ಅಣ್ಣ ಹತ್ತಿರ ಹೋಗಿ ಟ್ಯಾಂಕ್ ಸವರಿದ. ಆಮೇಲೆ, "ಬೇರೆಯವ್ರಿಗೆ ಕೊಡಿ ಗುರು. ನನ್ ಕಿವಿ, ಕೈ ಎರಡೂ ಸರಿಯಿಲ್ಲ. ಒಬ್ರ ಕೈ ಮುರ್ದಿದೀನಿ" ಎಂದು ಒಳಗೆ ಬಂದು ಊಟಕ್ಕೆ ಕೂತ.

ಆ ಮಾತು ಕೇಳಿದ ಮೇಲೆ ನನಗೆ ಬಡಿಸಲಾಗಲಿಲ್ಲ. ಸಾರಿನ ಪಾತ್ರೆ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಅಳುತ್ತಾ ಹೇಳಿದೆ. ಅವನು ಬೈಯಲಿಲ್ಲ. ಗಿರಾಕಿಯನ್ನು ಕೇಳುವ ಹಾಗೆ ಕೇಳಿದ.

"ಎಷ್ಟು ಹಾಕ್ಸಿದ್ದೆ?"

"ಎರಡು ಲೀಟ್ರು."

"ಎಲ್ಲಿಗೆ ಕಚ್ಕೊಳ್ತು?"

"ಅರ್ಧ ದಾರಿ ಆಗಿತ್ತು."

"ಆಮೇಲೆ ಬಾಟ್ಲಿಗೆ ಬಿಟ್ಕೊಂಡ್ಯಾ?"

"ಹೂಂ."

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ಹಂಗಾದ್ರೆ ಅಳತೆ ಸರಿಯಾಗೇ ಇತ್ತು" ಎಂದ. ಅವನ ಮುಖದಲ್ಲಿ ಆ ಕ್ಷಣ ಬಂದದ್ದು ಸಂತೋಷ. ಅದನ್ನು ನೋಡುವುದಕ್ಕಿಂತ ಅವನು ನನ್ನ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಮರುಕ್ಷಣವೇ ಅದು ಹೋಯಿತು. "ನಾಕು ವರ್ಷ ಕಣೇ" ಎಂದು ಕೈ ತೊಳೆದುಕೊಂಡ. ಒಂದು ತಿಂಗಳು ಮಾತಾಡಲಿಲ್ಲ. ಆಮೇಲೆ ಆಡಿದ ಮೊದಲ ಮಾತು, "ಯಜಮಾನ್ರಿಗೆ ನೀನೇ ಹೋಗಿ ಹೇಳು. ನಾನ್ ಬರಲ್ಲ."

ಹೋದೆ, ಬಸ್ಸಿನಲ್ಲಿ. ಯಜಮಾನರು ಜಗಲಿಯ ಮೇಲೆ ಕೂತು ಕೇಳಿದರು. ಮುರಿದಿದ್ದ ಕೈಯಲ್ಲಿ ಈಗಲೂ ಲೋಟ ಗಟ್ಟಿಯಾಗಿ ಹಿಡಿಯಲಾಗುವುದಿಲ್ಲ. ಕಾಲಿಗೆ ಬೀಳಲು ಹೋದೆ.

"ಏಳಮ್ಮ, ಅದೆಲ್ಲ ಬೇಡ" ಎಂದರು. "ನನ್ ಕೈ ಹೋಯ್ತು, ಬ್ಲಾಕ್ ಹೋಯ್ತು, ಅದಿರ್ಲಿ. ನಿಮ್ಮಣ್ಣನ ಬಗ್ಗೆ ನಾನು ಸಿಕ್ಕಸಿಕ್ಕ ಕಡೆ ಹೇಳ್ಕೊಂಡ್ ಬಂದಿದೀನಿ. ಅವನ ಹತ್ರ ಗಾಡಿ ಕೊಟ್ರೆ ಮೂಳೆ ಎಣಿಸ್ಕೊಂಡ್ ಹೋಗಿ ಅಂತ ತಮಾಷೆ ಮಾಡಿದೀನಿ. ಅವ್ರಿಗೆಲ್ಲ ಯಾರಮ್ಮ ಹೇಳೋರು?"

ಅವರೇ ದಾರಿ ತೋರಿಸಿದರು. ಹಳೇ ಗಾಡಿಗಳವರು ಭಾನುವಾರ ಬೆಳಿಗ್ಗೆ ಹೆದ್ದಾರಿ ಪಕ್ಕದ ಒಂದು ತಟ್ಟೆ ಇಡ್ಲಿ ಹೋಟೆಲಿನ ಮುಂದೆ ಸೇರುತ್ತಾರಂತೆ.

ಮುಂದಿನ ಭಾನುವಾರ ಅಲ್ಲಿ ಹೋಗಿ ನಿಂತೆ. ಹದಿನೈದು ಇಪ್ಪತ್ತು ಗಾಡಿ, ಅಷ್ಟೂ ಜನ ಗಂಡಸರು. ಯಾರ ಮುಖವನ್ನೂ ನೋಡದೆ, ಒಂದು ಗಾಡಿಯ ಹೆಡ್‌ಲೈಟ್ ನೋಡುತ್ತಾ ಹೇಳಿದೆ. ಒಬ್ಬ, "ಅಲ್ಲ ಕಣಮ್ಮ, ಮಿಕ್ಸ್ ಗಾಡಿಗೆ ಬರೀ ಪೆಟ್ರೋಲಾ?" ಎಂದು ನಕ್ಕ. ಇನ್ನೊಬ್ಬ, "ಸುಮ್ನಿರೋ ಲೇ" ಎಂದ. ತಲೆ ನರೆತ ಒಬ್ಬರು ಅಣ್ಣನ ನಂಬರ್ ಕೇಳಿದರು. ಕೊಟ್ಟೆ.

ಅಂಗಡಿ ಮತ್ತೆ ತೆರೆದಿಲ್ಲ. ತೆರೆಯುತ್ತಾನೆಂದೂ ಅನ್ನಿಸುವುದಿಲ್ಲ. ಅಂಗಡಿಯಿದ್ದ ಜಾಗದಲ್ಲಿ ಅಮ್ಮ ಎರಡನೇ ಮಗ್ಗ ಹಾಕಿಸಿದ್ದಾಳೆ. ಆದರೆ ಆಗಾಗ ಫೋನ್ ಬರುತ್ತದೆ. "ನಾನೀಗ ಗಾಡಿ ಮುಟ್ಟಲ್ಲ ಸಾರ್" ಎಂದು ಅಣ್ಣ ಶುರು ಮಾಡುತ್ತಾನೆ. ಆಮೇಲೆ ಫೋನನ್ನು ಇಂಜಿನ್ ಹತ್ತಿರ ಹಿಡಿಯಲು ಹೇಳಿ, ಕಣ್ಣು ಮುಚ್ಚಿ ಕೇಳುತ್ತಾನೆ.

ಮೊನ್ನೆಯೂ ಹಾಗೆ ಒಂದು ಫೋನ್ ಬಂತು. ನಾನು ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ. ಅವನು ಕೇಳಿದ, "ಒಳಗೆ ಗೀರಿದೆ ಸಾರ್ ಅದು. ನೀವಲ್ದೆ ಬೇರೆ ಯಾರಾದ್ರೂ ಓಡ್ಸಿದ್ರಾ? ಮನೆಯೋರ್ನ ಕೇಳಿ ನೋಡಿ." ಆ ಕಡೆಯವರು ಏನೋ ಹೇಳಿದರು. "ಇಲ್ಲ ಅಂದ್ರಾ? ಪರ್ವಾಗಿಲ್ಲ. ಇನ್ನೊಂದ್ಸಲ ಕೇಳಿ ಸಾರ್." ನಾನು ಇದ್ದೇನೆಂಬುದು ಅವನಿಗೆ ನೆನಪಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ ನೆನಪಾಗಿ, ಫೋನ್ ಹಿಡಿದುಕೊಂಡೇ ಎದ್ದು ಹೊರಗೆ ಹೋದ.