ಒಂದನೇ ನಂಬರಿನ ಬೋಣಿ

ನಮ್ಮ ಮಾವನವರದು ಚಿಂತಾಮಣಿಯ ಬಜಾರಿನಲ್ಲಿ ಹಗ್ಗ, ಗೋಣಿಚೀಲದ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದು, ಹೊಸ್ತಿಲಿಗೆ ನೀರು ಚಿಮುಕಿಸಿ, ಊದುಕಡ್ಡಿ ಹಚ್ಚಿ ಕೂತರೆ, ಮೊದಲ ಗಿರಾಕಿ ಬಂದು ಬೋಣಿ ಆಗುವ ತನಕ ಅವರು ಗಲ್ಲಾಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಕಾಫಿ ತರಿಸುತ್ತಿರಲಿಲ್ಲ. ಚಂದಾ ಕೇಳಲು ಬಂದವರಿಗೆ ಕೈಸನ್ನೆಯಲ್ಲೇ ‘ಆಮೇಲೆ ಬನ್ನಿ’ ಅನ್ನುತ್ತಿದ್ದರು. ಬೋಣಿ ಗಿರಾಕಿ ಎಷ್ಟೇ ಚೌಕಾಸಿ ಮಾಡಲಿ, ಅಸಲಿಗಾದರೂ ಕೊಟ್ಟು ಕಳಿಸುವರು. ಅವನು ಬರಿಗೈಲಿ ಮೆಟ್ಟಿಲಿಳಿದರೆ ಆ ದಿನ ಕೆಟ್ಟಿತು ಅಂತಲೇ ಅವರ ನಂಬಿಕೆ.

ಸೊಸೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ನನಗೆ ಅರ್ಥವಾಗದೆ ಇದ್ದದ್ದು, ಅತ್ತೆ ತಿಂಡಿ ಕ್ಯಾರಿಯರ್ ಹಿಡಿದು ಆ ಅಂಗಡಿಗೆ ಹೋಗುವ ರೀತಿ. ನೇರ ಹೋಗುತ್ತಿರಲಿಲ್ಲ. ಎದುರು ಸಾಲಿನಲ್ಲಿ ಹೂವು ಕಟ್ಟುವ ಅಜ್ಜಿಯ ಪಕ್ಕ ನಿಂತುಕೊಂಡು, ಯಾರಾದರೂ ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಹೊರಬರುವುದನ್ನು ಕಾಯುವರು. ಆಮೇಲೆ ರಸ್ತೆ ದಾಟುವರು. ಇಡ್ಲಿ ತಣ್ಣಗಾದರೂ ಸರಿಯೇ.

ಒಂದು ದಿನ ಕೇಳಿದೆ. ಅತ್ತೆ ನಗುತ್ತಲೇ ಹೇಳಿದರು. ಮದುವೆಯಾದ ವರ್ಷ ಮಾವನವರಿಗೆ ಜ್ವರ ಬಂದು, ಒಂದು ಬೆಳಿಗ್ಗೆ ಅತ್ತೆಯೇ ಅಂಗಡಿ ತೆಗೆದಿದ್ದರಂತೆ. ಮೊದಲು ಬಂದವನು ಹಗ್ಗ ಎಳೆದು ನೋಡಿ, ಮೂಸಿ ನೋಡಿ, ಬೇಡವೆಂದು ಹೋದ. ಆ ದಿನ ಸಂಜೆಯವರೆಗೂ ಒಂದು ಚೀಲವೂ ಹೋಗಲಿಲ್ಲ.

“ಅವತ್ತು ನಿಮ್ಮ ಮಾವ ಅಂದ್ರು, ನಿನ್ನ ಕೈಗುಣ ಅಡಿಗೆಗೆ ಚೆನ್ನಾಗೈತೆ, ಬೋಣಿಗೆ ಆಗಿಬರಲ್ಲ ಅಂತ. ಬೈಲಿಲ್ಲಮ್ಮ. ಸುಮ್ನೆ ಅಂದ್ರು.”

ಸುಮ್ಮನೆ ಅಂದ ಆ ಮಾತಿಗೆ ಅವರು ಇಪ್ಪತ್ತೆಂಟು ವರ್ಷ ರಸ್ತೆಯ ಈ ಕಡೆ ನಿಂತಿದ್ದರು. ನನಗೆ ಕೋಪ ಬಂತು. ಆದರೆ ಹೊಸ ಸೊಸೆಯ ಕೋಪ ಅಂದರೆ ಒಗ್ಗರಣೆಗೆ ಹಾಕಿದ ಸಾಸಿವೆ, ಸಿಡಿದು ಅಲ್ಲೇ ತಣ್ಣಗಾಗುತ್ತೆ.

ನನ್ನ ತವರು ಜಂಗಮಕೋಟೆ. ರೇಷ್ಮೆಹುಳದ ಮನೆಯಲ್ಲೇ ಬೆಳೆದವಳು. ಚಿಂತಾಮಣಿಗೆ ಬಂದ ಮೇಲೆ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಎರಡು ಸಾವಿರದ ಎಂಟರ ಸುಮಾರು. ಅತ್ತೆ ಆಗ ಶಿಡ್ಲಘಟ್ಟದಲ್ಲಿ ಹೆಂಗಸರಿಗೆ ನಡೆಸಿದ ತರಬೇತಿಗೆ ಹೋಗಿ ರೇಷ್ಮೆಗೂಡಿನ ಹಾರ ಮಾಡುವುದು ಕಲಿತು ಬಂದಿದ್ದರು. ಬಿತ್ತನೆ ಮೊಟ್ಟೆ ತೆಗೆಯುವ ಕಡೆ ಚಿಟ್ಟೆ ಗೂಡಿಗೆ ತೂತು ಮಾಡಿಕೊಂಡು ಆಚೆ ಬರುತ್ತೆ. ಎಳೆ ತುಂಡಾದ ಆ ಗೂಡಿನಿಂದ ನೂಲು ಬಿಚ್ಚಲಾಗದು. ಅಂಥವನ್ನು ನಮ್ಮಮ್ಮ ಚೀಲದಲ್ಲಿ ತುಂಬಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದರು. ಅತ್ತೆ ಅವಕ್ಕೆ ಬಣ್ಣ ಹಾಕಿ, ಎಸಳೆಸಳಾಗಿ ಕತ್ತರಿಸಿ, ಹೂವಿನಂತೆ ಜೋಡಿಸಿ ಹಾರ ಮಾಡುವರು. ಬೆರಳು ಅಷ್ಟು ಚುರುಕು. ಮಾವನವರು ಮಾತ್ರ, “ನೂಲಾಗದ ಗೂಡ್ನ ಯಾರು ಕೊಳ್ತಾರೆ, ಟೈಂಪಾಸು” ಅಂತ ಪೇಪರು ತಿರುವಿ ಹಾಕುತ್ತಿದ್ದರು.

ನನ್ನ ಹತ್ತಿರ ಒಂದು ವೆಬ್‌ಸೈಟ್ ಇತ್ತು. ವಿದ್ಯಾರ್ಥಿಗಳಿಗೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಅಂದರೆ ಏನು, ಕೋಡ್ ಬರೆಯದೆಯೇ ಪುಟಗಳನ್ನು ಹೇಗೆ ಸೇರಿಸಬಹುದು ಅಂತ ತೋರಿಸಲು ಮಾಡಿದ್ದು. ಅದರೊಳಗೆ ಹಾಕಲು ಬೇರೇನೂ ಸಿಗದೆ ಅತ್ತೆಯ ಹಾರಗಳ ಫೋಟೋ ಹಾಕಿದ್ದೆ. ಎಲ್ಲೆಲ್ಲಿಂದಲೋ ಮೂರು ನಾಲ್ಕು ಜನ, ಇದು ಎಲ್ಲಿ ಸಿಗುತ್ತೆ, ಹೇಗೆ ಕೊಳ್ಳುವುದು ಅಂತ ಈ-ಮೇಲ್ ಬರೆದರು. ನಾನು ಅದನ್ನು ಅತ್ತೆಗೆ ಓದಿ ಹೇಳಿದೆ. ಅವರು ಕತ್ತರಿ ಕೆಳಗಿಟ್ಟು ಕೇಳಿದರು.

“ಅಲ್ಲೇ ಒಂದು ಅಂಗಡಿ ಇಕ್ಕಾಕಾಗಲ್ವಾ?”

ಇಕ್ಕಬಹುದಿತ್ತು. ಆ ವೆಬ್‌ಸೈಟಿಗೆ ಅಂಗಡಿ ಜೋಡಿಸುವ ಇನ್ನೊಂದು ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತಿತ್ತು. ಇರುವ ಮನೆಗೆ ರಸ್ತೆ ಕಡೆಯ ಗೋಡೆ ಒಡೆದು ಒಂದು ಮಳಿಗೆ ತೆಗೆಯುತ್ತಾರಲ್ಲ, ಹಾಗೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು ಅಂದುಕೊಂಡು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೂತೆ. ಗೋಡೆ ಒಡೆದ ಮೇಲೆ ಗೊತ್ತಾಯಿತು, ಸೂರು ಅದರ ಮೇಲೇ ನಿಂತಿತ್ತು ಅಂತ. ತಂತ್ರಾಂಶ ಏರಿಸಿದ ಕೂಡಲೇ ಇಡೀ ವೆಬ್‌ಸೈಟು ಬೆಳ್ಳಗಾಯಿತು. ಹಾರವೂ ಇಲ್ಲ, ಅಕ್ಷರವೂ ಇಲ್ಲ. ಮೂರು ದಿನ ಹುಡುಕಿ, ಎರಡರ ಆವೃತ್ತಿಗಳು ಒಂದಕ್ಕೊಂದು ಹೊಂದುತ್ತಿಲ್ಲ ಎಂದು ತಿಳಿದು, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದೆ.

ಅಂಗಡಿಯೇನೋ ಬಂತು. ಆದರೆ ಅದು ತನ್ನ ಸಾಮಾನು ತಾನೇ ತಂದಿತ್ತು. ಮಾದರಿಗೆಂದು ಸುತ್ತಿಗೆ, ಗರಗಸ, ಏಣಿ. ನಾನು ಸಂಭ್ರಮದಿಂದ ತೋರಿಸಿದರೆ ಅತ್ತೆ ಕನ್ನಡಕ ಸರಿ ಮಾಡಿಕೊಂಡು, “ಇದ್ಯಾರದಮ್ಮ ಗರಗಸ, ನನ್ನ ಅಂಗಡೀಲಿ?” ಅಂದರು. ಬೆಲೆಯೆಲ್ಲ ಡಾಲರಿನಲ್ಲಿ, ತೂಕ ಪೌಂಡಿನಲ್ಲಿ. ಗಿರಾಕಿಯ ರಾಜ್ಯ ಆರಿಸುವ ಪಟ್ಟಿಯಲ್ಲಿ ಅಮೆರಿಕದ ರಾಜ್ಯಗಳೆಲ್ಲ ಇದ್ದವು, ಕರ್ನಾಟಕ ಇರಲಿಲ್ಲ. ಕರ್ನಾಟಕವನ್ನು ನಾನೇ ಸೇರಿಸಿದೆ. ಆ ಗುಂಡಿ ಒತ್ತುವಾಗ ಸ್ವಲ್ಪ ಹೆಮ್ಮೆಯೂ ಆಯಿತು. ದುಡ್ಡು ಕೊಡುವ ಬಗೆಗಳಲ್ಲಿ ಕಾರ್ಡು ಗೀರ್ಡು ಎಲ್ಲ ತೆಗೆದು ವಿ.ಪಿ.ಪಿ. ಒಂದನ್ನೇ ಇಟ್ಟೆ. ಅಂದರೆ ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳುವುದು.

ಅತ್ತೆ ಒಳ್ಳೆಯ ದಿನ ನೋಡಿದರು. ಅವತ್ತು ಸೀರೆ ಬದಲಿಸಿ, ತಲೆಗೆ ಹೂವು ಮುಡಿದು ನನ್ನ ಜೊತೆ ಸೆಂಟರಿಗೆ ಬಂದರು. ಮಾನಿಟರಿಗೆ ಕುಂಕುಮ ಇಟ್ಟರು. ಕರ್ಪೂರ ಮಾತ್ರ ಬೇಡವೆಂದು ನಾನೇ ಯು.ಪಿ.ಎಸ್. ಮುಂದೆ ಅಡ್ಡ ನಿಂತೆ.

“ಈ ಅಂಗಡೀಲಿ ಬೋಣಿ ನಂದೇ ಕೈಯಮ್ಮ” ಅಂದರು. “ಇಲ್ಲಿ ಯಾರೂ ನನ್ನ ಮುಖ ನೋಡಲ್ವಲ್ಲ. ನೋಡಣ, ನನ್ನ ಕೈಗುಣ ಹೆಂಗೈತೆ ಅಂತ.”

ನಗುತ್ತಾ ಹೇಳಿದರೂ ಅವರ ಬೆರಳು ಸೆರಗಿನ ತುದಿ ಸುತ್ತುತ್ತಿತ್ತು. ಇದು ಅವರಿಗೆ ಹಾರ ಮಾರುವ ವಿಷಯವೇ ಅಲ್ಲ, ಇಪ್ಪತ್ತೆಂಟು ವರ್ಷದ ಒಂದು ಮಾತನ್ನು ಒರೆಗೆ ಹಚ್ಚುವ ವಿಷಯ ಅಂತ ಆಗ ನನಗೆ ಹೊಳೆಯಿತು. ಹೊಳೆದದ್ದು ಒಂದು ದಿನ ತಡವಾಗಿ.

ಯಾಕೆಂದರೆ ಹಿಂದಿನ ದಿನವೇ ನಾನು ಆ ಅಂಗಡಿಯಲ್ಲಿ ಒಂದು ಹಾರ ಕೊಂಡಿದ್ದೆ. ಪರೀಕ್ಷೆಗೆ. ಯಾವ ತಂತ್ರಾಂಶಕ್ಕಾದರೂ ಹಾಗೆ ಮಾಡಲೇಬೇಕು. ಬುಟ್ಟಿಗೆ ಹಾಕಿ, ವಿಳಾಸ ತುಂಬಿ, ಆರ್ಡರ್ ಕೊಟ್ಟು, ಅದು ಬಂತೇ ನೋಡಿ, ಕ್ಯಾನ್ಸಲ್ ಮಾಡಿದರೆ ಅದೂ ಆಗುತ್ತೋ ನೋಡಿ. ಎಲ್ಲವೂ ಚೆನ್ನಾಗಿ ನಡೆಯಿತು. ಅಳಿಸುವುದು ಮಾತ್ರ ಮರೆತುಹೋಗಿತ್ತು.

“ನೋಡಿ ಅತ್ತೆ, ಆರ್ಡರ್ ಬಂದ್ರೆ ಈ ಪುಟದಲ್ಲಿ ಕಾಣತ್ತೆ” ಅಂತ ತೆರೆದೆ. ಪುಟದಲ್ಲಿ ಒಂದೇ ಒಂದು ಸಾಲು ಇತ್ತು. ಮೊದಲಿಗೆ ಒಂದು ಅನ್ನುವ ಅಂಕಿ, ಕೊನೆಯಲ್ಲಿ ಕೆಂಪಕ್ಷರ.

“ಬಂದೇಬಿಡ್ತಾ? ಅದೇನು ಕೆಂಪಗೆ?”

ಸುಳ್ಳು ಹೇಳಬಹುದಿತ್ತು. ಆ ಹೊತ್ತಿಗೆ ನನ್ನ ಬುದ್ಧಿ ಮೇಯಲು ಹೋಗಿತ್ತು. “ಅದು ನಾನು ಟೆಸ್ಟಿಂಗಿಗೆ ಹಾಕಿದ್ದು ಅತ್ತೆ. ಆಮೇಲೆ ಕ್ಯಾನ್ಸಲ್ ಮಾಡ್ದೆ.”

ಅತ್ತೆಗೆ ಇಂಗ್ಲಿಷ್ ಬರದು. ಆದರೆ ಕ್ಯಾನ್ಸಲ್ ಅನ್ನುವ ಪದ ಗೊತ್ತಿಲ್ಲದವರು ಯಾರಿದ್ದಾರೆ?

“ಬೋಣಿನೇ ವಾಪಸ್ ಹೋಯ್ತಾ. ಇಲ್ಲೂ ಹಂಗೇ ಆಯ್ತಾ” ಅಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನನ್ನ ಕೆಲಸ. ಅಳಿಸಿಬಿಡುತ್ತೇನೆ, ಇನ್ನೊಮ್ಮೆ ಒಂದರಿಂದಲೇ ಶುರು ಮಾಡಿಸುತ್ತೇನೆ, ಅದು ಆಗುತ್ತೆ ಅಂದೆ. ಅತ್ತೆ ತಲೆ ಆಡಿಸಿದರು. “ಬಂದೋರ್ನ ಬಂದೇ ಇಲ್ಲ ಅನ್ನಾಕಾಗಲ್ಲ ಕಣಮ್ಮ. ಅಂಗಡಿ ಮುಚ್ಚಿಬಿಡು. ನಂಗೆ ಯಾಕೆ ಬೇಕಿತ್ತು ಇದು.” ಮನೆಗೆ ಬಂದು ಬಣ್ಣದ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಹಾಕಿದರು. ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ಚಿಕ್ಕಬಳ್ಳಾಪುರದ ಆಫೀಸಿನಿಂದ ಬಂದ ನನ್ನ ಗಂಡ ವಿಷಯ ಕೇಳಿ ನಕ್ಕದ್ದಕ್ಕೆ ಅವರಿಗೂ ಅನ್ನ ಇಳಿಯದಂತೆ ಮಾಡಿದೆ.

ಮಾರನೇ ಬೆಳಿಗ್ಗೆ ಅತ್ತೆ ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. “ಆ ಆರ್ಡರು ಯಾರ ಹೆಸರಲ್ಲಿ ಹಾಕಿದ್ದೆ?”

ನಾನು ನಾಲಿಗೆ ಕಚ್ಚಿಕೊಂಡೆ. ವಿಳಾಸ ಕೇಳಿದಾಗ ಕೈಗೆ ತಟ್ಟನೆ ಬಂದದ್ದು ದಿನಾ ನೋಡುವ ಬೋರ್ಡು. “ಮಾವನೋರ ಹೆಸರಲ್ಲಿ. ಬಜಾರಿನ ಅಂಗಡಿ ವಿಳಾಸಕ್ಕೆ.”

ಅತ್ತೆ ಮೊರ ಪಕ್ಕಕ್ಕಿಟ್ಟರು. “ಕ್ಯಾನ್ಸಲ್ ಮಾಡಿದ್ದು ಯಾರು?”

“ನಾನು.”

“ಅವರು ಬೇಡ ಅಂದಿಲ್ಲ ತಾನೆ?”

“ಅವ್ರಿಗೆ ಗೊತ್ತೇ ಇಲ್ಲ ಅತ್ತೆ.”

“ಮತ್ತೆ? ಗಿರಾಕಿ ಬೇಡ ಅನ್ನದೆ ಬೋಣಿ ಹೆಂಗಮ್ಮ ವಾಪಸ್ ಹೋಗತ್ತೆ? ನಡುವೆ ನೀನ್ಯಾರು ವಾಪಸ್ ಕಳ್ಸಾಕೆ?” ಅವರ ಮುಖದಲ್ಲಿ ನಿನ್ನೆ ಆರಿದ್ದು ಹತ್ತಿಕೊಂಡಿತ್ತು. “ಎದ್ದೇಳು, ಅಟ್ಟದಿಂದ ಡಬ್ಬಿ ತೆಗಿ.”

ಇಂಥ ವಾದಕ್ಕೆ ಯಾವ ವಕೀಲನೂ ಎದುರು ನಿಲ್ಲಲಾರ. ನಾನು ಸೆಂಟರಿಗೆ ಓಡಿ ಒಂದನೇ ನಂಬರಿನ ಆರ್ಡರನ್ನು ತೆರೆದು, ಕೆಂಪಕ್ಷರದ ಕ್ಯಾನ್ಸಲ್ ತೆಗೆದು, ಕನ್ಫರ್ಮ್ ಮಾಡಿದೆ. ತಂತ್ರಾಂಶ ಒಂದು ಮಾತೂ ಕೇಳದೆ ಒಪ್ಪಿಕೊಂಡಿತು. ಅತ್ತೆ ತಮ್ಮ ಹಾರಗಳಲ್ಲೆಲ್ಲ ಚಂದದ್ದನ್ನು, ಬಿಳಿ ಎಸಳಿನ ನಡುವೆ ಕೆಂಪು ಕುಸುರು ಇದ್ದದ್ದನ್ನು ಆರಿಸಿ ಡಬ್ಬಿಯಲ್ಲಿಟ್ಟರು. ವಿಳಾಸ ನಾನು ಬರೆಯುತ್ತೇನೆ ಅಂದರೆ ಬಿಡಲಿಲ್ಲ. ಗಂಡನ ಹೆಸರನ್ನು ಅವರು ಜನ್ಮದಲ್ಲಿ ಬಾಯಲ್ಲಿ ಹೇಳಿದವರಲ್ಲ.

“ಹೇಳಬಾರ್ದು, ಬರೀಬೋದು” ಅಂದರು. “ಗಿರಾಕಿ ಹೆಸರು ಅಂಗಡಿಯೋರೇ ಬರೀಬೇಕು.” ಶ್ರೀಮಾನ್ ಅಂತ ಹಾಕಿ, ದುಂಡಗೆ, ನಾಲಿಗೆ ಹೊರಚಾಚಿಕೊಂಡು ಬರೆದರು. ಕೆಳಗೆ, ‘ಇಂದ’ ಅನ್ನುವ ಕಡೆ, ಗೂಡಿನ ಹಾರದ ಅಂಗಡಿ ಅಂತ ಬರೆದು ತಮ್ಮ ಹೆಸರು ಬರೆದರು.

ಅಂಚೆ ಕಚೇರಿಯ ಗುಮಾಸ್ತರು ಪಾರ್ಸೆಲ್ ತಿರುಗಿಸಿ ನೋಡಿ, “ಏಮಮ್ಮಾ, ಈ ಅಂಗಡಿ ಇಲ್ಲೇ ಎರಡು ಬೀದಿ ಆಚೆ ಅಲ್ವಾ? ಕೈಯಲ್ಲೇ ಕೊಟ್ಟು ಹೋಗ್ಬೋದಲ್ಲ” ಅಂದರು.

“ಇಲ್ಲಪ್ಪ, ಆನ್‌ಲೈನ್ ಆರ್ಡರು. ಪೋಸ್ಟಲ್ಲೇ ಹೋಗ್ಬೇಕು” ಅಂದರು ಅತ್ತೆ, ಹತ್ತು ವರ್ಷದಿಂದ ಅದೇ ವ್ಯಾಪಾರ ಮಾಡಿದವರ ಹಾಗೆ.

ಪಾರ್ಸೆಲ್ ತಲುಪುವ ದಿನ ಸಂತೆಯ ಮಾರನೇ ದಿನವಾಗಿತ್ತು. ಸಂತೆಯಲ್ಲಿ ದಣಿದ ಬಜಾರು ಅವತ್ತು ಆಕಳಿಸುತ್ತಾ ಏಳುತ್ತೆ. ನಾನು ರಜೆ ಹಾಕಿ ಅತ್ತೆಯ ಜೊತೆ ಹೂವಿನ ಅಜ್ಜಿಯ ಪಕ್ಕ ನಿಂತೆ. ಅತ್ತೆಯ ಕೈಲಿ ಕ್ಯಾರಿಯರ್.

“ಇವತ್ತಿನ್ನೂ ಬೋಣಿ ಇಲ್ಲಮ್ಮ ಅಲ್ಲಿ” ಅಂದಳು ಅಜ್ಜಿ, ಹೂವು ಕಟ್ಟುತ್ತಲೇ.

ಬೋಣಿಯಾಗದೆ ಮಾವನವರು ಗಲ್ಲಾ ತೆಗೆಯುವುದಿಲ್ಲ. ಗಲ್ಲಾ ತೆಗೆಯದೆ ವಿ.ಪಿ.ಪಿ. ಬಿಡಿಸುವುದು ಹೇಗೆ? ಯಾರಾದರೂ ಒಬ್ಬರು ಬಂದು ಒಂದು ಮಾರು ಹಗ್ಗ ಕೊಳ್ಳಲಿ ಅಂತ ನಾನು ಊರಿನ ದೇವರಿಗೆಲ್ಲ ಕೈಮುಗಿದೆ. ಬಂದದ್ದು ಪೋಸ್ಟ್‌ಮ್ಯಾನ್ ಸೈಕಲ್ಲು.

ಬಜಾರಿನ ಆ ರಸ್ತೆ ಕಿರಿದು. ಆ ಕಡೆಯ ಮಾತು ಈ ಕಡೆ ಕೇಳುತ್ತೆ.

“ನಾನೇನೂ ತರಿಸಿಲ್ಲಪ್ಪ” ಅಂದರು ಮಾವ. “ಬೋಣಿನೂ ಆಗಿಲ್ಲ. ವಾಪಸ್ ತಗೊಂಡೋಗು.”

ಅತ್ತೆ ನನ್ನ ಮೊಣಕೈ ಹಿಡಿದರು. ವಾಪಸ್ ಅನ್ನುವುದನ್ನು ಈ ಸಲ ಗಿರಾಕಿಯೇ ಅಂದಿದ್ದ.

ಪೋಸ್ಟ್‌ಮ್ಯಾನ್ ಪಾರ್ಸೆಲ್ ಚಾಚಿ ಹಿಡಿದು, “ಹೆಸರು ನಿಮ್ದೇ ಐತಲ್ಲ ಯಜಮಾನ್ರೇ, ನೋಡಿ” ಅಂದ. ಮಾವ ಬೇಸರದಲ್ಲೇ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು. ತಮ್ಮ ಹೆಸರು ಓದಿದರು. ಆಮೇಲೆ ಕೆಳಗಿನ ಹೆಸರು ಓದಿದರು. ಮತ್ತೆ ಮೇಲಿನದಕ್ಕೆ ಬಂದರು. ಮನೆಯಲ್ಲಿ ಆ ಅಕ್ಷರದಲ್ಲಿ ಅವರು ಸಾಮಾನಿನ ಚೀಟಿ ನೋಡಿರಬೇಕು, ತಮ್ಮ ಹೆಸರು ನೋಡಿರಲಿಲ್ಲ. ಎಷ್ಟು ಹೊತ್ತು ಹಿಡಿದುಕೊಂಡು ಕೂತರೆಂದರೆ, ಪೋಸ್ಟ್‌ಮ್ಯಾನ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬಂದ.

ಮಾವ ಗಲ್ಲಾ ಮುಟ್ಟಲಿಲ್ಲ. ಅಂಗಿಯ ಮೇಲುಜೇಬಿನಿಂದ ದುಡ್ಡು ತೆಗೆದು ಕೊಟ್ಟರು. ಚೌಕಾಸಿ ಮಾಡಲಿಲ್ಲ. ದಾರ ಬಿಚ್ಚಿ, ಹಾರವನ್ನು ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ರಸ್ತೆಯ ಈ ಕಡೆ ನೋಡಿದರು. ಇಪ್ಪತ್ತೆಂಟು ವರ್ಷ ಅತ್ತೆ ಅಲ್ಲಿ ನಿಲ್ಲುತ್ತಿದ್ದದ್ದು ಅವರಿಗೆ ಗೊತ್ತಿಲ್ಲವೆಂದು ನಾನು ಅಂದುಕೊಂಡಿದ್ದೆ. ಅವರು ಹುಡುಕಲಿಲ್ಲ. ಕಣ್ಣು ನೇರ ಹೂವಿನ ಅಜ್ಜಿಯ ಪಕ್ಕಕ್ಕೇ ಬಂತು.

“ಬಾ” ಅಂದರು.

“ಬೋಣಿ ಆಗಿಲ್ವಲ್ಲ” ಅಂದರು ಅತ್ತೆ, ಇದ್ದ ಕಡೆಯಿಂದಲೇ.

“ನಂದು ಆಗಿಲ್ಲ. ನಿಂದು ಆಯ್ತಲ್ಲ, ಬಾ.”

ಅತ್ತೆ ಕ್ಯಾರಿಯರನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. ಸೆರಗು ಸರಿ ಮಾಡಿಕೊಂಡರು. ಆಮೇಲೆ ರಸ್ತೆ ದಾಟಿದರು. ಅವತ್ತು ಮಾವನವರಿಗೆ ಇಡ್ಲಿ ಬಿಸಿಯಾಗಿ ಸಿಕ್ಕಿತು.