ಸೀಮೆಸುಣ್ಣ ಹಚ್ಚಿದ ಪಾದಗಳು

1972ರಲ್ಲಿ ನಾನು ಷಿಕಾಗೋದ ಪಶ್ಚಿಮಕ್ಕಿರುವ ಡುಪೇಜ್ ಕೌಂಟಿಯ ಒಂದು ಪಬ್ಲಿಕ್ ಹೈಸ್ಕೂಲಿನಲ್ಲಿ ಲ್ಯಾಟಿನ್ ಮತ್ತು ವರ್ಲ್ಡ್ ಹಿಸ್ಟರಿ ಕಲಿಸುತ್ತಿದ್ದೆ. ಶಾಲೆಯ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳಹೊರಟಿರುವ ತಪ್ಪಿನಲ್ಲಿ ಶಾಲೆಯದಕ್ಕಿಂತ ನನ್ನ ಪಾಲು ದೊಡ್ಡದು. ಮೈಸೂರಿನಲ್ಲಿ ಪ್ರಾಚೀನ ಇತಿಹಾಸದ ಎಂ.ಎ. ಮಾಡುವಾಗ ವಯಸ್ಸಾದ ಪಾದ್ರಿಯೊಬ್ಬರ ಬಳಿ ಲ್ಯಾಟಿನ್ ಕಲಿತಿದ್ದೆ. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ ಇನ್ನೊಂದು ಡಿಗ್ರಿ, ಟೀಚಿಂಗ್ ಸರ್ಟಿಫಿಕೇಟ್ ಎರಡನ್ನೂ ಪಡೆದು 1969ರಲ್ಲಿ ಈ ಕೆಲಸಕ್ಕೆ ಸೇರಿದೆ. ಮನೆ ಲೊಂಬಾರ್ಡ್‌ನ ಅಪಾರ್ಟ್‌ಮೆಂಟ್. ಶಾಲೆ ಅಲ್ಲಿಂದ ಆರು ಮೈಲಿ. ಸೀರೆಯುಟ್ಟು ಲ್ಯಾಟಿನ್ ಕಲಿಸುವ ಹೆಂಗಸನ್ನು ಮೊದಲ ವರ್ಷ ಎಲ್ಲರೂ ತಿರುಗಿ ನೋಡುತ್ತಿದ್ದರು. ಎರಡನೆಯ ವರ್ಷಕ್ಕೆ ಅಭ್ಯಾಸವಾಯಿತು.

ಆಗಿನ ಡೈರಿಗಳು ನನ್ನ ಬಳಿ ಇವೆ. ಆದರೆ ಈ ಬರಹದ ಹೆಚ್ಚಿನ ಸಂಗತಿಗಳು ಡೈರಿಯಲ್ಲಿಲ್ಲ, ನೆನಪಿನಲ್ಲಿವೆ. ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ಎಲ್ಲಿ ಅನುಮಾನವಿದೆಯೋ ಅಲ್ಲಿ ಹಾಗೆಂದು ಹೇಳುತ್ತೇನೆ.

ರೋಮನ್ ಗುಲಾಮಗಿರಿಯ ಪಾಠವನ್ನು ಪ್ರತಿವರ್ಷ ಒಂದೇ ರೀತಿ ಆರಂಭಿಸುತ್ತಿದ್ದೆ. ರೋಮಿನಲ್ಲಿ ಗದ್ದೆ, ಗಣಿ, ಅಡುಗೆಮನೆ, ಮಕ್ಕಳ ಪಾಠ ಎಲ್ಲವೂ ಗುಲಾಮರ ಕೈಯಲ್ಲೇ ನಡೆಯುತ್ತಿತ್ತು. ಆದರೆ ಅವರು ತಮ್ಮ ಬಗ್ಗೆ ತಾವೇ ಬರೆದದ್ದು ನಮಗೆ ಸಿಕ್ಕಿರುವುದು ತೀರಾ ಕಡಿಮೆ. ಸಿಕ್ಕಿರುವುದು ಬಹುತೇಕ ಒಡೆಯರ ಬರಹ. ಒಡೆಯರು ಗುಲಾಮರನ್ನೂ ತಮ್ಮ ‘ಮನೆಯವರು’ ಎಂದೇ ಕರೆದರು, ಆದ್ದರಿಂದ ಎಚ್ಚರದಿಂದ ಓದಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ.

ಆ ವರ್ಷ ಲ್ಯಾಟಿನ್ ಮೊದಲ ವರ್ಷದ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಅವರಲ್ಲಿ ವಾಂಡಾ ಒಬ್ಬಳೇ ಕಪ್ಪು ಹುಡುಗಿ. ಹದಿನೈದು ವರ್ಷ. ತಂದೆಗೆ ಕೆಲಸದಲ್ಲಿ ವರ್ಗವಾಗಿ ಕುಟುಂಬ ಹಿಂದಿನ ಬೇಸಿಗೆಯಲ್ಲಿ ಡೆಟ್ರಾಯ್ಟ್‌ನಿಂದ ಬಂದಿತ್ತು. ತಾಯಿ ಆಸ್ಪತ್ರೆಯಲ್ಲಿ ನರ್ಸ್. ವಾಂಡಾ ಬಾಗಿಲ ಪಕ್ಕದ ಡೆಸ್ಕಿನಲ್ಲಿ ಕೂರುತ್ತಿದ್ದಳು, ತಾನಾಗಿ ಕೈ ಎತ್ತುತ್ತಿರಲಿಲ್ಲ. ಕೇಳಿದರೆ ಮಾತ್ರ ತಪ್ಪಿಲ್ಲದ ಉತ್ತರ ಕೊಡುತ್ತಿದ್ದಳು. ನನ್ನ ಇಡೀ ವೃತ್ತಿಯಲ್ಲಿ ಲ್ಯಾಟಿನ್ ಅಷ್ಟು ಸಲೀಸಾಗಿ ಹಿಡಿದ ಮಕ್ಕಳು ಮೂವರು ಸಿಕ್ಕಿರಬಹುದು, ಅವರಲ್ಲಿ ಅವಳು ಮೊದಲಿನವಳು. ಮೇ ತಿಂಗಳ ರಾಜ್ಯಮಟ್ಟದ ಲ್ಯಾಟಿನ್ ಪರೀಕ್ಷೆಗೆ ಅವಳೊಬ್ಬಳ ಹೆಸರನ್ನೇ ಕಳಿಸಿದ್ದೆ. ಫೆಬ್ರವರಿಯಲ್ಲಿ ಒಂದು ದಿನ ತರಗತಿ ಮುಗಿದ ಮೇಲೆ ಹಿಂದುಳಿದು, ಲ್ಯಾಟಿನ್ ಟೀಚರ್ ಆಗಬೇಕಾದರೆ ಕಾಲೇಜಿನಲ್ಲಿ ಏನು ಓದಬೇಕು ಎಂದು ಕೇಳಿದಳು. ಇದು ಡೈರಿಯಲ್ಲಿದೆ, ಅಡಿಗೆರೆ ಎಳೆದು ಬರೆದಿದ್ದೇನೆ.

ನಮ್ಮ ಶಾಲೆಯ ಲ್ಯಾಟಿನ್ ಕ್ಲಬ್ಬಿನದು ಒಂದು ಪದ್ಧತಿ. ಮಾರ್ಚ್ ಕೊನೆಯಲ್ಲಿ ಕೆಫೆಟೇರಿಯಾದಲ್ಲಿ ‘ರೋಮನ್ ಔತಣ’. ಮೇಲಿನ ತರಗತಿಯವರು ಬೆಡ್‌ಶೀಟ್ ಸುತ್ತಿಕೊಂಡು ಜಿಮ್ಮಿನ ಚಾಪೆಗಳ ಮೇಲೆ ಒರಗಿ ಊಟ ಮಾಡುತ್ತಾರೆ, ಮೊದಲ ವರ್ಷದವರು ಬಡಿಸುತ್ತಾರೆ. ಅದಕ್ಕೂ ಮೊದಲು ‘ಗುಲಾಮರ ಹರಾಜು’. ಹೊಸ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮೇಜಿನ ಮೇಲೆ ನಿಲ್ಲಿಸುತ್ತಾರೆ. ಹಿರಿಯರು ಕಾಗದದ ನಾಣ್ಯದಲ್ಲಿ ಕೂಗಿ ಕೊಳ್ಳುತ್ತಾರೆ. ಕೊಂಡವರು ಹೇಳಿದ್ದನ್ನು ಆ ಸಂಜೆಯ ಮಟ್ಟಿಗೆ ಮಾಡಬೇಕು, ಹಾಡೆಂದರೆ ಹಾಡಬೇಕು. ತಂದೆತಾಯಂದಿರು ಬಂದು ನಗುತ್ತಿದ್ದರು. ಫೋಟೋ ಇಯರ್‌ಬುಕ್ಕಿನಲ್ಲಿ ಬರುತ್ತಿತ್ತು. ನಾನು ಬರುವ ಮೊದಲಿನಿಂದಲೂ ಇದ್ದ ಪದ್ಧತಿ ಇದು. ನಾನೂ ಎರಡು ವರ್ಷ ನಡೆಸಿದ್ದೆ.

ಮನೆಯಲ್ಲೂ ಅದು ತಮಾಷೆಯ ವಿಷಯ. ನನ್ನ ಗಂಡ ಶ್ರೀಪಾದ ಧಾರವಾಡದವರು, ಎಂಜಿನಿಯರ್. ಆ ವರ್ಷ ನಾನು ಔತಣದ ಪಟ್ಟಿ ಬರೆಯುತ್ತ ಕೂತಿದ್ದಾಗ ಸಿಂಕಿನ ಮುಂದೆ ನಿಂತು, “ಈ ಸಲ ನನ್ನೂ ಹರಾಜಿಗೆ ಇಡು ಮಾರಾಯ್ತಿ. ಯಾರರ ಕೊಂಡ್ರ ಈ ಪಾತ್ರಿ ತಿಕ್ಕೂದರ ತಪ್ಪತದ” ಅಂದರು. “ನಿಮ್ಮನ್ನ ಯಾರ್ ಕೊಂಡ್ಕೋತಾರ್ರೀ, ಪುಕ್ಕಟೆ ಕೊಟ್ರೂ ವಾಪಸ್ ತಂದ್ಬಿಡ್ತಾರೆ” ಅಂದೆ. ಇಬ್ಬರೂ ನಕ್ಕೆವು.

ನಮ್ಮ ವಿಭಾಗದ ಮುಖ್ಯಸ್ಥರು ಮಿಸ್ಟರ್ ಲಿಂಡ್. ಮೆದುಮಾತಿನ ಮನುಷ್ಯ. ಔತಣಕ್ಕೆ ಹತ್ತು ದಿನ ಇರುವಾಗ ನನ್ನ ಕೋಣೆಗೆ ಬಂದು, ಈ ವರ್ಷ ಹರಾಜು ಬಿಟ್ಟುಬಿಡೋಣವೇ ಎಂದು ಕೇಳಿದರು. ಕಾರಣ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾನು ಅವರಿಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ರೋಮನ್ ಗುಲಾಮಗಿರಿಗೆ ಚರ್ಮದ ಬಣ್ಣ ಆಧಾರವಲ್ಲ; ಯುದ್ಧದಲ್ಲಿ ಸೋತ ಯಾರು ಬೇಕಾದರೂ ಗುಲಾಮರಾಗಬಹುದಿತ್ತು; ಅಮೆರಿಕದ ಇತಿಹಾಸವನ್ನು ರೋಮಿನ ಮೇಲೆ ಹೇರುವುದು ಸರಿಯಲ್ಲ. ಒಬ್ಬಳಿಗಾಗಿ ನಿಲ್ಲಿಸಿದರೆ ಅವಳನ್ನು ಬೇರೆ ಮಾಡಿದಂತಾಗುತ್ತದೆ. ಕೊನೆಗೆ, ನಾನು ಬಂದ ದೇಶದಲ್ಲಿ ಇಂಥ ಗುಲಾಮಗಿರಿ ಇರಲಿಲ್ಲ, ಹಾಗಾಗಿ ಇದನ್ನು ಪಕ್ಷಪಾತವಿಲ್ಲದೆ ನೋಡಬಲ್ಲೆ ಎಂದೂ ಸೇರಿಸಿದೆ. ಅವರು ತಲೆಯಾಡಿಸಿ ಹೋದರು.

ವಾಂಡಾಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ, “ನಿನಗೆ ಪರವಾಗಿಲ್ಲ ತಾನೆ?” ಎಂದು ನಾನು ಕೇಳಿದಂತೆ ನೆನಪು. ಅವಳು “ಯೆಸ್, ಮ್ಯಾಮ್” ಎಂದಂತೆಯೂ ನೆನಪು. ಡೈರಿಯಲ್ಲಿ ಇದಿಲ್ಲ. ಸಮಾಧಾನಕ್ಕಾಗಿ ಆಮೇಲೆ ಕಟ್ಟಿಕೊಂಡದ್ದೂ ಇರಬಹುದು. ಕೇಳಿದ್ದೇ ನಿಜವಾದರೂ, ಟೀಚರ್ ಎದುರು ನಿಂತ ಹದಿನೈದರ ಹುಡುಗಿ ಬೇರೇನು ಹೇಳಿಯಾಳು?

ಹರಾಜನ್ನು ಹಿಂದಿನ ವರ್ಷಗಳಂತೆಯೇ ನಡೆಸಿದ್ದರೆ ತಪ್ಪು ಅಷ್ಟಕ್ಕೇ ನಿಲ್ಲುತ್ತಿತ್ತು. ಮಿಸ್ಟರ್ ಲಿಂಡ್ ಮುಂದೆ ವಾದಿಸಿದ ಮೇಲೆ, ಇದು ಆಟವಲ್ಲ ಪಾಠ ಎಂದು ತೋರಿಸುವ ಹುಮ್ಮಸ್ಸು ಬಂತು. ರೋಮಿನ ಮಾರುಕಟ್ಟೆಯಲ್ಲಿ ಗುಲಾಮರ ಕೊರಳಿಗೆ ಹಲಗೆ ತೂಗುಹಾಕುತ್ತಿದ್ದರು. ಯಾವ ದೇಶದವನು, ಯಾವ ಕಾಯಿಲೆಯಿದೆ, ಹಿಂದೆ ಓಡಿಹೋಗಿದ್ದನೆ ಎಂಬುದನ್ನು ಮಾರುವವನು ಅದರಲ್ಲಿ ಬರೆಯಲೇಬೇಕೆಂದು ಕಾನೂನಿತ್ತು. ಸಮುದ್ರದಾಚೆಯಿಂದ ಹೊಸದಾಗಿ ತಂದವರ ಪಾದಗಳಿಗೆ ಗುರುತಿಗಾಗಿ ಬಿಳಿ ಸುಣ್ಣ ಬಳಿಯುತ್ತಿದ್ದರು. ಈ ಎರಡನ್ನೂ ಔತಣಕ್ಕೆ ಸೇರಿಸಿದವಳು ನಾನು. ನಿಖರತೆ ನನ್ನ ಹೆಮ್ಮೆಯಾಗಿತ್ತು. ಹನ್ನೊಂದು ಚೀಟಿಗಳಲ್ಲಿ ದೇಶ ಮತ್ತು ದೋಷ ಬರೆದು ಮಡಚಿ ಟೋಪಿಯೊಂದರಲ್ಲಿ ಹಾಕಿದೆ. ಯಾರಿಗೂ ಅನ್ಯಾಯವಾಗಬಾರದೆಂದು ಚೀಟಿ ಎತ್ತಿಸಿದೆ. ವಾಂಡಾಳಿಗೆ ಬಂದದ್ದು: ‘ಥ್ರೇಸ್ ದೇಶದವಳು. ಓಡಿಹೋಗುವ ಚಾಳಿಯಿದೆ.’ ಅದನ್ನು ಅವಳು ರಟ್ಟಿನ ಹಲಗೆಯ ಮೇಲೆ ಲ್ಯಾಟಿನ್‌ನಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಳು. ಚೆನ್ನಾಗಿದೆ ಎಂದು ತರಗತಿಗೆಲ್ಲ ಎತ್ತಿ ತೋರಿಸಿದೆ.

ಔತಣದ ಸಂಜೆ ಎಂಬತ್ತು ಜನ ಸೇರಿದ್ದರು. ಹನ್ನೊಂದು ಮಕ್ಕಳು ಬರಿಗಾಲಲ್ಲಿ ಸಾಲಾಗಿ ನಿಂತರು. ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಬಟ್ಟಲಲ್ಲಿ ಇಟ್ಟುಕೊಂಡಿದ್ದೆ. ನಾನೇ ಬಗ್ಗಿ ಬ್ರಶ್ಶಿನಿಂದ ಒಬ್ಬೊಬ್ಬರ ಪಾದಕ್ಕೂ ಹಚ್ಚುತ್ತ ಬಂದೆ. ಮೊದಲ ಎಂಟು ಮಕ್ಕಳ ಕಾಲಿನ ಮೇಲೆ ಸುಣ್ಣ ಕಾಣಿಸಲೇ ಇಲ್ಲ. ಬಿಳಿಯ ಮೇಲೆ ಬಿಳಿ. ಒಂಬತ್ತನೆಯವಳು ವಾಂಡಾ.

ಅವಳ ಪಾದದ ಮೇಲೆ ಬ್ರಶ್ಶು ಎಳೆದ ಗೆರೆ ಹಾಲ್‌ನ ಆ ತುದಿಗೂ ಕಾಣುವಂತಿತ್ತು. ನನ್ನ ಕೈ ಒಂದು ಕ್ಷಣ ನಿಂತಿತೆಂದು ನೆನಪು. ನಿಲ್ಲದೆಯೂ ಇರಬಹುದು. ಎರಡನೆಯ ಪಾದಕ್ಕೂ ಹಚ್ಚಿದ್ದಂತೂ ನಿಜ. ಹಿಂದಿನಿಂದ ಕ್ಯಾಮೆರಾ ಹಿಡಿದಿದ್ದ ಒಬ್ಬ ಹುಡುಗನ ತಂದೆ, ಅಂತೂ ಒಬ್ಬಳ ಮೇಲಾದರೂ ಬಣ್ಣ ಹತ್ತಿತಲ್ಲ ಎಂದು ಒಳ್ಳೆಯ ದನಿಯಲ್ಲೇ ಹೇಳಿದರು. ಸುತ್ತಲಿನವರು ನಕ್ಕರು. ಫ್ಲ್ಯಾಶ್ ಮಿಂಚಿತು.

ಅವಳನ್ನು ಕೊಂಡವನು ಕೊನೆಯ ವರ್ಷದ ಹುಡುಗ, ಕೆಟ್ಟವನಲ್ಲ. ತನ್ನಲ್ಲಿದ್ದ ಕಾಗದದ ನಾಣ್ಯವನ್ನೆಲ್ಲ ಸುರಿದು ಕೊಂಡ. ಹಲಗೆ ಓದಿ, ಹಾಗಾದರೆ ಓಡಿ ತೋರಿಸು, ನಾನು ಹಿಡಿಯುತ್ತೇನೆ ಎಂದ. ಜನ ಚಪ್ಪಾಳೆ ತಟ್ಟಿದರು. ವಾಂಡಾ ಮೇಜಿನಿಂದ ಇಳಿದು ಅಲ್ಲೇ ನಿಂತಳು. ಓಡಲಿಲ್ಲ. ನನ್ನ ಕಡೆ ನೋಡಿದಳು. ನಾನು ಏನಾದರೂ ಹೇಳುತ್ತೇನೆಂದು ಕಾದಳು ಎಂದೇ ಈಗಲೂ ನಂಬಿದ್ದೇನೆ. ನಾನು ಕೈಯಲ್ಲಿದ್ದ ಪಟ್ಟಿ ನೋಡಿ ಮುಂದಿನ ಹೆಸರು ಕರೆದೆ.

ಅರ್ಧ ಗಂಟೆಯ ಮೇಲೆ ಅವಳ ತಾಯಿ ಬಂದರು. ಕರೆದೊಯ್ಯಲು ಹೇಳಿದ್ದ ಹೊತ್ತಿಗಿಂತ ಮುಂಚೆ, ಆಸ್ಪತ್ರೆಯಿಂದ ನೇರವಾಗಿ, ಯೂನಿಫಾರ್ಮಿನ ಮೇಲೆ ಕೋಟು ಹಾಕಿಕೊಂಡೇ. ಬಾಗಿಲಲ್ಲಿ ನಿಂತು ನೋಡಿದರು. ವಾಂಡಾ ಟ್ರೇ ಹಿಡಿದು ಚಾಪೆಗಳ ನಡುವೆ ದ್ರಾಕ್ಷಿ ಹಂಚುತ್ತಿದ್ದಳು. ತಾಯಿ ನಡೆದು ಹೋಗಿ ಟ್ರೇಯನ್ನು ಕೆಳಗಿಟ್ಟರು. ಕೊರಳಿನ ಹಲಗೆ ತೆಗೆದು ನನ್ನ ಬಳಿ ತಂದು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದರು.

ನಾನು ಅನುವಾದಿಸಿದೆ. ತರಗತಿಯಲ್ಲಿ ಹೇಳುವಂತೆಯೇ, ಒಂದೊಂದು ಪದವನ್ನೂ. ಅದು ರೋಮನ್ ಕಾನೂನಿನ ಪದ್ಧತಿ ಎಂದು ವಿವರಿಸಲು ಹೊರಟೆ.

“ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ” ಎಂದರು ಅವರು. ದನಿ ಏರಲಿಲ್ಲ. “ಅವರನ್ನು ಕೇಳಿದ್ದರೂ ಇದು ಬೇಡ ಅನ್ನುತ್ತಿದ್ದರು. ನೀವು ಇಷ್ಟೆಲ್ಲ ಓದಿದವರು. ನಿಮಗೆ ಗೊತ್ತಾಗಲಿಲ್ಲ ಎಂದು ನಾನು ಹೇಗೆ ನಂಬಲಿ?”

ಆಮೇಲೆ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಿಯೂರಿ, ಕರವಸ್ತ್ರ ಒದ್ದೆ ಮಾಡಿ ಎರಡೂ ಪಾದ ಒರೆಸಿದರು. ಬೆರಳುಗಳ ಸಂದಿಯನ್ನೂ ಬಿಡಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಮಿಸ್ಟರ್ ಲಿಂಡ್‌ಗೆ ಕೊಟ್ಟ ಉಪನ್ಯಾಸವನ್ನೇ ಅವರಿಗೂ ಕೊಟ್ಟೆ. ನಮ್ಮ ಕಡೆ ಇದೆಲ್ಲ ಇರಲಿಲ್ಲವಲ್ಲ, ನನಗೆ ಹೊಳೆಯಲಿಲ್ಲ ಎಂದೆ. ಅವರು ಬೂಟು ಬಿಚ್ಚುತ್ತಿದ್ದವರು ತಲೆಯೆತ್ತಿದರು.

“ಇರಲಿಲ್ಲ ಅಂತ ಯಾರಿಗೆ ಹೇಳ್ಲಿಕ್ಕತ್ತೀ? ನಿಮ್ಮಜ್ಜನ ಮನ್ಯಾಗ ನಿಂಗ ಅನ್ನಾಂವ ಇದ್ನಲ್ಲ, ನಮ್ಮ ಮದುವ್ಯಾಗ ಎಂಜಲೆಲಿ ತಗೀತಿದ್ನಲ್ಲ. ಅವಂಗ ಪಗಾರ ಎಷ್ಟಿತ್ತು?”

ನಿಂಗ ಅಜ್ಜನ ಮನೆಯಲ್ಲಿ ಜೀತಕ್ಕಿದ್ದವನು. ಅವನ ಅಪ್ಪನೂ ಅಲ್ಲೇ ಇದ್ದ. ಹೊಟ್ಟೆಗೆ, ಬಟ್ಟೆಗೆ. ಸಂಬಳ ಎಂಬ ಮಾತನ್ನು ಆ ಮನೆಯಲ್ಲಿ ಅವನ ವಿಷಯದಲ್ಲಿ ಕೇಳಿದ ನೆನಪಿಲ್ಲ.

“ನಿಂಗ ಮನೆಯವನ ಥರಾನೇ ಇದ್ದ ಕಣ್ರೀ” ಅಂದೆ.

“ರೋಮದವ್ರೂ ಹಂಗ ಅಂತಿದ್ರು ಅಂತ ನೀನ ಹೇಳಿದ್ದಿ” ಅಂದರು.

ಸೋಮವಾರ ಬೆಳಗಿನ ಬೆಲ್ಲಿಗೆ ಮುಂಚೆ ವಾಂಡಾ ಬಂದಳು. ಕೈಯಲ್ಲಿ ಡ್ರಾಪ್ ಸ್ಲಿಪ್, ಅಂದರೆ ಒಂದು ವಿಷಯವನ್ನು ಬಿಡಲು ತುಂಬುವ ಫಾರ್ಮು. ಲ್ಯಾಟಿನ್ ಬದಲು ಟೈಪಿಂಗ್. ತಾಯಿಯ ಸಹಿ ಆಗಿತ್ತು. ನಾನು ಎದ್ದು ನಿಂತು ಮಾತಾಡತೊಡಗಿದೆ. ಪರೀಕ್ಷೆಗೆ ಹೆಸರು ಹೋಗಿದೆ, ನಿನ್ನಂಥ ವಿದ್ಯಾರ್ಥಿ ಸಿಗುವುದಿಲ್ಲ, ನನ್ನ ಉದ್ದೇಶ ಅದಲ್ಲ ಎಂದೆಲ್ಲ. ‘ತಪ್ಪಾಯಿತು’ ಎಂಬುದು ಅದರಲ್ಲಿತ್ತೇ? ಇತ್ತೆಂದು ಹೇಳಲಾರೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ನಿಮ್ಮ ಸಹಿ ಬೇಕು, ಮ್ಯಾಮ್” ಎಂದಳು.

ಸ್ಲಿಪ್ಪಿನಲ್ಲಿ ‘ಕಾರಣ’ ಎಂಬ ಖಾನೆಯನ್ನು ಟೀಚರೇ ತುಂಬಬೇಕು. ‘ಟೈಮ್‌ಟೇಬಲ್ ಹೊಂದುತ್ತಿಲ್ಲ’ ಎಂದು ಬರೆದು ಸಹಿ ಹಾಕಿದೆ. ಅವಳು ಅದನ್ನು ಓದಿದಳು. ಮಡಚಿಕೊಂಡು ಹೋದಳು. ಎರಡು ವರ್ಷಗಳ ನಂತರ ಕುಟುಂಬ ಡೆಟ್ರಾಯ್ಟ್‌ಗೆ ವಾಪಸಾಯಿತೆಂದು ಆಫೀಸಿನಲ್ಲಿ ಯಾರೋ ಹೇಳಿದರು. ಅವಳು ಆಮೇಲೆ ಏನಾದಳೆಂದು ನನಗೆ ಗೊತ್ತಿಲ್ಲ. ಲ್ಯಾಟಿನ್ ಮತ್ತೆ ಕಲಿತಳೇ ಎಂಬುದೂ ಗೊತ್ತಿಲ್ಲ.

ಮುಂದಿನ ವರ್ಷದಿಂದ ಹರಾಜು ನಿಂತಿತು. ಶಾಲೆಯ ಸುತ್ತೋಲೆಯಲ್ಲಿ ಕೊಟ್ಟ ಕಾರಣ, ಕೆಫೆಟೇರಿಯಾ ನೆಲದ ಮೇಲಿನ ಸುಣ್ಣದ ಕಲೆ. ನಾನು ಆಕ್ಷೇಪಿಸಲಿಲ್ಲ.

ಇನ್ನೂ ಇಪ್ಪತ್ತೆರಡು ವರ್ಷ ಕಲಿಸಿದೆ. ರೋಮನ್ ಗುಲಾಮಗಿರಿಯ ಪಾಠವನ್ನು ಮೊದಲಿನಂತೆಯೇ ಆರಂಭಿಸುತ್ತಿದ್ದೆ. ಗುಲಾಮರ ಬರಹ ಉಳಿದದ್ದು ಕಡಿಮೆ, ಒಡೆಯರದ್ದು ಉಳಿದಿದೆ, ಎಚ್ಚರದಿಂದ ಓದಿ. ಆ ಮಾತು ಹೇಳುವಾಗ ಬಾಗಿಲ ಪಕ್ಕದ ಡೆಸ್ಕಿನ ಕಡೆ ನೋಡುವುದನ್ನು ನಿಲ್ಲಿಸಲು ಆಗಲಿಲ್ಲ.

ಈ ಬರಹಕ್ಕಾಗಿ ಆ ದಿನದ ಡೈರಿ ತೆಗೆದೆ. ಒಂದೇ ಸಾಲಿದೆ: ‘ಔತಣ ಚೆನ್ನಾಗಿ ನಡೆಯಿತು. ಹಲಗೆಗಳನ್ನು ಎಲ್ಲರೂ ಮೆಚ್ಚಿದರು.’ ಆ ಸಂಜೆಯ ಬಗ್ಗೆ ಬರವಣಿಗೆಯಲ್ಲಿ ಉಳಿದಿರುವುದು ಈ ಸಾಲು, ಮತ್ತು ಎಲ್ಲೋ ಒಂದು ಫೈಲಿನಲ್ಲಿದ್ದರೆ ಆ ಸ್ಲಿಪ್ಪು. ಎರಡೂ ನನ್ನ ಕೈಬರಹ. ವಾಂಡಾ ಬರೆದದ್ದು ಆ ಹಲಗೆ ಮಾತ್ರ, ಅದರ ಮಾತುಗಳೂ ನಾನು ಕೊಟ್ಟವು. ಟೀಚರ್ ಕೆಲಸ ನನಗೆ ಕಲಿಸಿದ್ದು ನಾನು ಮೊದಲ ದಿನದಿಂದ ಕಲಿಸುತ್ತಿದ್ದ ಪಾಠವನ್ನೇ. ಈಗ ನೀವು ಓದಿದ್ದೂ ನನ್ನದೇ ಬರಹ. ಇದನ್ನೂ ಎಚ್ಚರದಿಂದಲೇ ಓದಬೇಕು.