ವಿಠಲಮಾಮನ ಫೋಟೊ ಇಳಿಸಿದ ದಿನ

ಕಳೆದ ಭಾನುವಾರ ಸ್ಟೂಲ್ ಹತ್ತಿ ಗೋಡೆಯಿಂದ ಒಂದು ಫೋಟೊ ಇಳಿಸಿದೆ. ಹಿಂದಿನ ದಿನ ಅದನ್ನು ಅಲ್ಲಿ ತೂಗುಹಾಕಿದವಳೂ ನಾನೇ.

ಇಳಿಸುವಾಗ ಕೈ ನಡುಗಿತು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ನಡುಗಲಿಲ್ಲ. ನನಗೆ ಬೇಜಾರಾಗಿರುವುದೇ ಅದಕ್ಕೆ.

ಈ ಅಂಕಣ ಓದುತ್ತಾ ಬಂದವರಿಗೆ ಗೊತ್ತು, ನಾನೀಗ ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿದ್ದರೂ ಬೆಳೆದದ್ದು ವಡೋದರಾದಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು. ಅಲ್ಲಿನ ಕನ್ನಡ ಸಂಘಕ್ಕೆ ಈಗ ಐವತ್ತು ವರ್ಷ. ಹಳೆಯ ಫೋಟೊಗಳ ಒಂದು ಪ್ರದರ್ಶನ ಮಾಡಿಕೊಡಿ ಎಂದು ಕಾರ್ಯದರ್ಶಿಗಳು ಕೇಳಿದರು. (ಬರೆಯುವವರಿಗೆ ಬೇರೆ ಕೆಲಸ ಇರುವುದಿಲ್ಲ ಎಂಬುದು ಎಲ್ಲ ಸಂಘಗಳ ಗಟ್ಟಿ ನಂಬಿಕೆ.) ಅಪ್ಪನ ಟ್ರಂಕು ತೆಗೆದೆ. ಮೇಲೆಯೇ ಸಿಕ್ಕಿದ್ದು ವಿಠಲಮಾಮನ ಫೋಟೊ.

ಕಪ್ಪು ಬಿಳುಪಿನದು. ರೇಷ್ಮೆ ಸೀರೆ ಉಟ್ಟ ಹೆಣ್ಣೊಬ್ಬಳು ಕಂಬಕ್ಕೆ ಒರಗಿ ನಿಂತಿದ್ದಾಳೆ. ಸೆರಗಿನ ತುದಿ ಬೆರಳಿಗೆ ಸುತ್ತಿದೆ. ಬರಬೇಕಾದವರು ಬರಲಿಲ್ಲ ಎಂಬುದು ಆ ಕಣ್ಣಲ್ಲೇ ಗೊತ್ತಾಗುತ್ತದೆ.

ಆ ಹೆಣ್ಣು ವಡೋದರಾದ ಮಕರಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು.

ಉಡುಪಿ ಕಡೆಯ ವಿಠಲಮಾಮ ಹದಿನೇಳರ ವಯಸ್ಸಿಗೆ ವಡೋದರಾಕ್ಕೆ ಬಂದದ್ದು ಸಂಬಂಧಿಕರ ಹೋಟೆಲಿನಲ್ಲಿ ಹಿಟ್ಟು ರುಬ್ಬಲು. ಆಮೇಲೆ ಕಾರ್ಖಾನೆ ಸೇರಿದರು. ಸಂಘ ಶುರುವಾದ ವರ್ಷ ನಾಟಕ ಆಡೋಣ ಎಂದಾಯಿತು. ನಾಯಕನಾಗಲು ಆರು ಜನ ಗಂಡಸರು ತಯಾರಿದ್ದರು. ನಾಯಕಿ? ಒಬ್ಬರ ಮನೆಯಿಂದಲೂ ಹೆಣ್ಣುಮಕ್ಕಳು ಬರಲಿಲ್ಲ. ನಮ್ಮಮ್ಮನನ್ನು ಕೇಳಿದಾಗ ಅಪ್ಪ, “ಮರ್ಯಾದಸ್ಥರ ಮನೆ ಹೆಂಗಸರನ್ನ ಸ್ಟೇಜ್ ಹತ್ತಿಸ್ತೀರೇನ್ರೀ?” ಎಂದು ರೇಗಿದ್ದರಂತೆ. (ಅದೇ ಅಪ್ಪ ಆ ನಾಟಕದ ನಿರ್ದೇಶಕರು.)

ಕೊನೆಗೆ ವಿಠಲಮಾಮ ಸೀರೆ ಉಟ್ಟರು. ನಮ್ಮೆಲ್ಲರ ಮನೆಯ ಮರ್ಯಾದೆ ಉಳಿಯಿತು.

ಅವರು ಹೆಣ್ಣಿನ ವೇಷ ಹಾಕುತ್ತಿದ್ದರು ಎಂದರೆ ಸಾಲದು. ಒಂದು ಸಲ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯ ಹೆಂಡತಿ, ಅಷ್ಟು ಚೆನ್ನಾಗಿ ಅಳಿಸಿದ ಆ ಮಹಾತಾಯಿಗೆ ಕುಂಕುಮ ಹೂವು ಕೊಡಬೇಕೆಂದು ರಂಗದ ಹಿಂದೆ ಹೋದರು. ಮಹಾತಾಯಿ ಬನಿಯನ್‌ನಲ್ಲಿ ಕೂತು ಬೀಡಿ ಸೇದುತ್ತಿದ್ದರು. ಆಕೆ ಬಟ್ಟಲು ಬಿಟ್ಟು ಓಡಿಬಂದ ಕತೆ ನಮ್ಮ ಕಾಲೊನಿಯಲ್ಲಿ ಎಷ್ಟೋ ವರ್ಷ ಓಡಿತು.

ಹೆಸರು ಸೂರತ್‌ಗೂ ಹೋಯಿತು. ಅಲ್ಲಿಯ ಬಟ್ಟೆ ವ್ಯಾಪಾರಿಗಳು ದೀಪಾವಳಿಯ ನಂತರ ಹಾಲ್ ಹಿಡಿದು ಆರ್ಕೆಸ್ಟ್ರಾ ಇಡಿಸುತ್ತಿದ್ದರು. ಮದ್ಯ ನಿಷೇಧದ ರಾಜ್ಯ, ರಾತ್ರಿ ಹೊತ್ತು ಮನರಂಜನೆ ಅಂತ ಇದ್ದದ್ದೇ ಇಷ್ಟು. (ಟೀ ಕಪ್ಪಿನಲ್ಲಿ ಟೀ ಮಾತ್ರ ಇತ್ತೆಂದು ನಾನು ಪ್ರಮಾಣ ಮಾಡಲಾರೆ.) “ಬಂಬೈ ಸೇ ಆಯೀ ಹುಯೀ ಮಿಸ್ ರೀಟಾ!” ಎಂದು ಮೈಕಿನಲ್ಲಿ ಕೂಗುತ್ತಿದ್ದರಂತೆ. ಮಕರಪುರದಿಂದ ಸಂಜೆ ರೈಲು ಹಿಡಿದು ಬಂದಿದ್ದ ರೀಟಾ ಮಿರುಗುವ ಗೌನಿನಲ್ಲಿ ಕುಣಿದು, ಕೊನೆಯ ಹಾಡಿಗೆ ವಿಗ್ ಕಿತ್ತು ತಲೆ ಬಾಗಿಸಿದರೆ ಹಾಲ್ ಕಿತ್ತುಹೋಗುವಂತೆ ಸೀಟಿ. ಆ ಗೌನುಗಳನ್ನೆಲ್ಲ ಕೂತು ಹೊಲಿಯುತ್ತಿದ್ದವರು ಅವರ ಹೆಂಡತಿ ಲಲಿತತ್ತೆ. “ನನಗಿಂತ ಇವರ ಸೊಂಟವೇ ಸಣ್ಣ” ಎಂದು ನಗುತ್ತಿದ್ದರು. ಅವರೀಗ ಇಲ್ಲ.

ಈ ವೇಷ ನಿಂತದ್ದು ಹೇಗೆ? ಮಗ ಸತೀಶ ಐದನೇ ಕ್ಲಾಸಿನಲ್ಲಿದ್ದಾಗ ಹುಡುಗರು ಸುತ್ತ ನಿಂತು, “ತೇರಾ ಪಪ್ಪಾ ತೋ ಮಮ್ಮಿ ಹೈ” ಎಂದು ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಎರಡು ದಿನ ಅನ್ನ ಬಿಟ್ಟ. ಮೂರನೆಯ ದಿನ ವಿಠಲಮಾಮ ಗೌನು, ವಿಗ್, ಗೆಜ್ಜೆ ಎಲ್ಲ ಆರ್ಕೆಸ್ಟ್ರಾದವರಿಗೆ ಕೊಟ್ಟುಬಂದರು. ಮತ್ತೆ ರಂಗ ಹತ್ತಲಿಲ್ಲ. ಸಂಘದ ಕಾರ್ಯಕ್ರಮಗಳಲ್ಲಿ ಸಾಂಬಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ನಾವು ತಿಂದೆವು.

ಭಾನುವಾರ ಬೆಳಿಗ್ಗೆ ಸಂಘದ ಹಾಲಿಗೆ ಎಲ್ಲರಿಗಿಂತ ಮೊದಲು ಬಂದವನು ಸತೀಶ. ಈಗ ಐವತ್ತರ ಹತ್ತಿರ. ಸೂರತ್‌ನ ಅಡಾಜಣ್‌ನಲ್ಲಿ ದೊಡ್ಡ ಫ್ಲ್ಯಾಟು. ವಿಠಲಮಾಮನೂ ಅಲ್ಲೇ, ಅವನ ಜೊತೆ. ಫೋಟೊ ನೋಡಿದವನೇ ಬಿಳಿಚಿಕೊಂಡ.

“ದೀದಿ, ಪ್ಲೀಸ್, ಇದು ತೆಗೀರಿ. ನಿಧಿಗೆ ರಿಶ್ತಾ ಬಂದಿದೆ. ಹುಡುಗನ ಫ್ಯಾಮಿಲಿ ಇವತ್ತು ಇಲ್ಲೇ ಬರ್ತಾರೆ.” ನಿಧಿ ಅವನ ಮಗಳು.

“ಸತೀಶ, ಅದು ನಾಟಕ ಕಣೋ. ನಿಮ್ಮಪ್ಪನಂಥ ನಟ ಈ ಸಂಘಕ್ಕೆ ಮತ್ತೆ ಸಿಕ್ಕಿಲ್ಲ.”

“ನಾಟಕ ಓಕೆ. ಸೂರತ್ ಕೀ ಬಾತ್ ಯಾರಾದ್ರೂ ತೆಗೆದ್ರೆ? ಲೋಗ್ ಕ್ಯಾ ಸೋಚೇಂಗೆ?” ಅವನು ಬಾಗಿಲ ಕಡೆ ನೋಡಿದ. “ಸ್ಕೂಲಲ್ಲಿ ನಾನು ಕೇಳಿದ್ದೀನಿ ದೀದಿ. ನಿಧಿ ಕೇಳೋದು ಬೇಡ.”

ಕಾರ್ಯದರ್ಶಿಗಳು ಇದ್ದಲ್ಲಿಂದಲೇ ಕೂಗಿದರು. “ಒಂದು ಫೋಟೊಗೆ ಯಾಕ್ರೀ ಮೇಡಂ ಗಲಾಟೆ? ತೆಗೆದುಬಿಡಿ.”

ನಾನು ವಾದ ಮಾಡಬಹುದಿತ್ತು. ವಾರವಾರ ಇಲ್ಲಿ ನಿಮ್ಮೆದುರು ಧೈರ್ಯದ ಮಾತು ಬರೆಯುವವಳಲ್ಲವೇ? ಆದರೆ ಹುಡುಗಿಯ ಮದುವೆ ತಪ್ಪಿದರೆ ನನ್ನ ತಲೆಗೆ ಬರುತ್ತದೆ ಎನ್ನಿಸಿತು. ಅವನ ಮುಖದಲ್ಲಿ ಐದನೇ ಕ್ಲಾಸಿನ ಹುಡುಗನೂ ಕಂಡ. ಸ್ಟೂಲ್ ಎಳೆದುಕೊಂಡೆ.

ಗಡಿಬಿಡಿಯಲ್ಲಿ ಕೆಳಗಿನ ಚೀಟಿ ತೆಗೆಯಲು ಮರೆತೆ. ‘ನಮ್ಮ ಮೊದಲ ನಾಯಕಿ: ವಿಠಲ’ ಎಂದು ನಾನೇ ದಪ್ಪಕ್ಷರದಲ್ಲಿ ಬರೆದಿದ್ದೆ.

ಮಧ್ಯಾಹ್ನ ವಿಠಲಮಾಮ ಸೊಸೆ, ಮೊಮ್ಮಗಳ ಜೊತೆ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಎಪ್ಪತ್ತೈದಾದರೂ ಬೆನ್ನು ನೆಟ್ಟಗಿದೆ. ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಫೋಟೊ ನೋಡುತ್ತಾ ಬಂದು, ಬರಿಯ ಮೊಳೆಯ ಮುಂದೆ ನಿಂತರು. ಚೀಟಿ ಓದಿದರು. ನಾನು ಓಡಿಹೋಗಿ ಏನೋ ತೊದಲಿದೆ.

“ಯಾರು, ಸತೀಶ ಹೇಳಿದ್ದಾ?” ಎಂದರು.

ಅವರೇ ಚೀಟಿಯ ತುದಿ ಹಿಡಿದು ಮೆಲ್ಲಗೆ ಕಿತ್ತರು.

“ಅಂಟು ಉಳಿದಿದೆ ಮಾರಾಯ್ತಿ. ಉಗುರಲ್ಲಿ ಕೆರೆದು ತೆಗಿ. ಇಲ್ಲದಿದ್ರೆ ಇಲ್ಲಿ ಎಂತದೋ ಇತ್ತು ಅಂತ ಗೊತ್ತಾಗ್ತದೆ.”

ಕೆರೆದೆ. ಅವರು ಪಕ್ಕದಲ್ಲೇ ನಿಂತು, ಪೂರ್ತಿ ಹೋಯಿತೇ ಎಂದು ನೋಡಿದರು.

ಇಷ್ಟಕ್ಕೇ ಮುಗಿದಿದ್ದರೆ ಈ ವಾರ ಬೇರೆ ಏನನ್ನಾದರೂ ಬರೆಯುತ್ತಿದ್ದೆ. ಸಂಜೆ ಮನರಂಜನೆ ಇತ್ತು. ಸಂಘದ ಯುವ ಘಟಕದ ಕಾಮಿಡಿ ಸ್ಕಿಟ್. ನಾಲ್ಕು ಜನ ಯುವಕರು, ಇಬ್ಬರು ನೈಟಿಯಲ್ಲಿ, ಇಬ್ಬರು ಸೀರೆಯಲ್ಲಿ. ಎದೆಗೆ ಬಲೂನು. ತುಟಿಯ ಬಣ್ಣ ಗಲ್ಲದವರೆಗೆ. ಅತ್ತೆ ಸೊಸೆ ಜಗಳ, ಜುಟ್ಟು ಹಿಡಿದು ಎಳೆದಾಟ. ಒಂದು ಬಲೂನು ಢಮ್ ಎಂದಾಗ ಸಭೆ ಕುರ್ಚಿಯಿಂದ ಬಿದ್ದು ನಕ್ಕಿತು. ನಿಧಿಯನ್ನು ನೋಡಲು ಬಂದಿದ್ದ ಹುಡುಗನ ತಾಯಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ಸತೀಶ ಎದ್ದು ನಿಂತು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದ.

ನನ್ನ ಪಕ್ಕ ಕೂತ ವಿಠಲಮಾಮ ಮಾತ್ರ ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. ಬೇರೆಯವರ ಕೆಲಸ ಪರೀಕ್ಷಿಸುವ ಫಿಟ್ಟರ್ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

“ನಿರಿಗೆ ಸಮ ಇಲ್ಲ,” ಎಂದರು ಮೆಲ್ಲಗೆ. “ಸೀರೆ ಉಟ್ಟು ಹಾಗೆ ಕಾಲು ಎತ್ತಿ ಹಾಕ್ಲಿಕ್ಕೆ ಆಗ್ತದಾ? ಈ ಮಕ್ಕಳು ಅವರವರ ಅಮ್ಮನನ್ನ ಸರಿಯಾಗಿ ನೋಡ್ಲೇ ಇಲ್ಲ.”

ಆಮೇಲೆ ಊಟಕ್ಕೆ ಕರೆದರು. ಅವರು ಅಭ್ಯಾಸಬಲದಿಂದ ಎದ್ದು ಬಡಿಸುವವರ ಕಡೆ ಹೊರಟರು. ನಾನು ತಡೆಯಲಿಲ್ಲ. ಅದನ್ನೂ ಬರೆದುಬಿಡುತ್ತೇನೆ.

ಬುಧವಾರ ಸತೀಶನ ಫೋನ್ ಬಂತು. ಸಂಬಂಧ ಗಟ್ಟಿಯಾಯಿತಂತೆ. ಹುಡುಗನ ಮನೆಯವರು ಬಹಳ ಖುಷಿಯಲ್ಲಿದ್ದಾರಂತೆ. ನಾನು ಒಳ್ಳೆಯದಾಗಲಿ ಎಂದೆ, ಮನಸ್ಸಿನಿಂದಲೇ. ಆಗ ಅವನು ಕೇಳಿದ.

“ದೀದಿ, ಆ ಸ್ಕಿಟ್ ಹುಡುಗರ ನಂಬರ್ ಇದೆಯಾ? ಬೀಗರಿಗೆ ಬಹುತ್ ಪಸಂದ್ ಆಯ್ತು. ಮದುವೆಯ ಸಂಗೀತ್ ಫಂಕ್ಷನ್‌ಗೆ ಅದೇ ಬೇಕಂತೆ.”

ನಂಬರ್ ಕೊಟ್ಟೆ.

ಗಂಡಸು ಸೀರೆ ಉಟ್ಟರೆ ನಮ್ಮ ಮರ್ಯಾದೆ ಹೋಗುವುದಿಲ್ಲ, ಚೆನ್ನಾಗಿ ಉಟ್ಟರೆ ಮಾತ್ರ ಹೋಗುತ್ತದೆ, ಅಲ್ಲವೇ?